ಮನೆಯ ದೀಪ, ಕಛೇರಿಯ ಕೆಲಸ

ಮುಂಬಯಿಯ ಖಾಸಗಿ ಕಛೇರಿಯೊಂದರಲ್ಲಿ ಗುಮಾಸ್ತರಾಗಿರುವ ನಮ್ಮ ವಾಚಕರೊಬ್ಬರು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ವಾರದಲ್ಲಿ ಮೂರು ದಿನ ಅವರು ಡೊಂಬಿವಲಿಯ ತಮ್ಮ ಮನೆಯಲ್ಲಿಯೇ ಕುಳಿತು ಕಛೇರಿಯ ಕೆಲಸ ಮಾಡುತ್ತಾರೆ. ದೀಪ, ಫ್ಯಾನು, ಇಂಟರ್‌ನೆಟ್ಟು, ಮೊಬೈಲು ಎಲ್ಲವೂ ಅವರದೇ ಖರ್ಚು. ಮೇಜು ಕುರ್ಚಿಗಳನ್ನೂ ತಾವೇ ಕೊಂಡರು. ಇದರಿಂದ ತಿಂಗಳಿಗೆ 1,500 ರೂಪಾಯಿಯಷ್ಟು ಹೆಚ್ಚಿಗೆ ಕೈಬಿಡುತ್ತಿದೆ ಎಂದು ಅವರ ಲೆಕ್ಕ. ಈ ಹಣವನ್ನು ಆದಾಯದಿಂದ ಕಳೆದು ಮಿಕ್ಕಿದ್ದಕ್ಕೆ ಮಾತ್ರ ತೆರಿಗೆ ಕೊಡಬಹುದೇ ಎಂಬುದು ಅವರ ಪ್ರಶ್ನೆ. ‘ಅದೇನೂ ಕಷ್ಟವಲ್ಲ, ನನಗೆ ಬಿಡಿ’ ಎಂದು ಧೈರ್ಯ ಹೇಳಿದ ಮಧ್ಯವರ್ತಿಯೊಬ್ಬನು ಬರುವ ರೀಫಂಡಿನಲ್ಲಿ ತನ್ನ ಪಾಲನ್ನೂ ಆಗಲೇ ನಿಶ್ಚಯಿಸಿಕೊಂಡಿರುವನಂತೆ.

ಪ್ರಶ್ನೆ ಒಬ್ಬರದಲ್ಲ. 2020ರ ಮಾರ್ಚಿಯಲ್ಲಿ ದೇಶವೇ ಬಾಗಿಲು ಮುಚ್ಚಿದಂದಿನಿಂದ ಸಾವಿರಾರು ಮನೆಗಳೊಳಗೆ ಕಛೇರಿ ಬಂದು ಕುಳಿತಿದೆ. ಪಿಡುಗು ಹೋದರೂ ಅದು ಪೂರ್ತಿಯಾಗಿ ಎದ್ದು ಹೋಗಿಲ್ಲ. ಹೋಟೆಲಿನ ಕೆಲಸ ಮನೆಯಲ್ಲಿ ಕುಳಿತು ಮಾಡುವಂಥದಲ್ಲ ಎಂದು ಕೆಲವರು ಹೇಳಬಹುದು. ಒಲೆಯ ಮುಂದೆ ನಿಲ್ಲುವ ಭಟ್ಟರ ಮಟ್ಟಿಗೆ ಅದು ನಿಜ. ಆದರೆ ರಾತ್ರಿ ಹನ್ನೊಂದಕ್ಕೆ ಗಲ್ಲಾ ಮುಚ್ಚಿ ಖೋಲಿಗೆ ಬಂದ ಮೇಲೆ ಜಿ.ಎಸ್.ಟಿ. ಲೆಕ್ಕ ಬರೆಯುವ ಮ್ಯಾನೇಜರನ್ನು ನಾವು ಬಲ್ಲೆವು. ಧಣಿಯ ಆರ್ಡರುಗಳೆಲ್ಲ ತನ್ನ ಸ್ವಂತ ಮೊಬೈಲಿಗೇ ಬರುವ ಹುಡುಗನನ್ನೂ ಬಲ್ಲೆವು. ರೀಚಾರ್ಜು ಯಾರದೆಂದು ಅವನನ್ನು ಯಾರೂ ಕೇಳುವುದಿಲ್ಲ.

ವಾಚಕರ ಪ್ರಶ್ನೆಗೆ ಉತ್ತರ ಸಿಹಿಯಾದುದಲ್ಲ. ಸಂಬಳದಾರನು ಮನೆಯಿಂದ ಕೆಲಸ ಮಾಡಿ ತೆತ್ತ ಖರ್ಚನ್ನು ಬಿಲ್ಲು ತೋರಿಸಿ ಆದಾಯದಿಂದ ಕಳೆಯಲು ನಮ್ಮ ದೇಶದ ಆದಾಯ ತೆರಿಗೆ ಕಾಯಿದೆಯಲ್ಲಿ ಅವಕಾಶವಿಲ್ಲ. 1961ರ ಕಾಯಿದೆಯಲ್ಲಿ ಇಲ್ಲದಿದ್ದ ಈ ಅವಕಾಶವನ್ನು, 2026ರ ಏಪ್ರಿಲ್ 1ರಿಂದ ಅದರ ಸ್ಥಾನಕ್ಕೆಂದು ರಚಿತವಾದ 2025ರ ಕಾಯಿದೆಯೂ ಒದಗಿಸಿಲ್ಲ.

ಹಿಂದೆ ಹೀಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. 1961ರ ಕಾಯಿದೆ ಜಾರಿಗೆ ಬಂದಾಗ ಅದರ 16ನೆಯ ಕಲಮು, ಕೆಲಸಕ್ಕೆ ಬೇಕಾದ ಪುಸ್ತಕಗಳಿಗೆ ವರ್ಷಕ್ಕೆ 500 ರೂಪಾಯಿಯವರೆಗೆ, ವಾಹನಕ್ಕೆ ಇಷ್ಟು, ಹಾಗೂ ನೌಕರಿಯ ಷರತ್ತಿನಂತೆ ನೌಕರನು ತನ್ನ ಸಂಬಳದಿಂದಲೇ ಮಾಡಬೇಕಾದ ಇತರ ಖರ್ಚಿಗೆ ಇಷ್ಟು ಎಂದು ಕಳೆಯಲು ಬಿಟ್ಟಿತ್ತು. ಆ ಖರ್ಚು ಪೂರ್ತಿಯಾಗಿ, ಅವಶ್ಯವಾಗಿ, ಕೇವಲ ಕೆಲಸಕ್ಕಾಗಿಯೇ ಆಗಿರಬೇಕೆಂಬುದು ನಿಬಂಧನೆ. ಒಂದೇ ದೀಪದ ಕೆಳಗೆ ತಂದೆ ಕಛೇರಿಯ ಕಾಗದ ಬರೆದು ಮಗಳು ಪಾಠ ಓದಿದರೆ ಆ ದೀಪವು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಅಂದೂ ಕಷ್ಟವೇ ಇತ್ತು. ಆದರೂ ಕೇಳುವ ಹಕ್ಕೆಂಬುದೊಂದು ಇತ್ತು.

1974ರಲ್ಲಿ ಸರಕಾರವು ಈ ಬಿಡಿ ಬಿಡಿ ಲೆಕ್ಕಗಳನ್ನು ತೆಗೆದುಹಾಕಿ, ಬಿಲ್ಲು ಕೇಳದೆ ಎಲ್ಲ ಸಂಬಳದಾರರಿಗೂ ಒಂದು ಸಾಮಾನ್ಯ ಕಡಿತವನ್ನು ಕೊಟ್ಟಿತು. ಇಂದು ‘ಸ್ಟ್ಯಾಂಡರ್ಡ್ ಡಿಡಕ್ಷನ್’ ಎಂದು ಎಲ್ಲರ ಬಾಯಲ್ಲಿರುವುದು ಅದೇ. ಆಗ ಅದರ ಗರಿಷ್ಠ ಮಿತಿ 3,500 ರೂಪಾಯಿ. ಬಿಲ್ಲುಗಳನ್ನು ಕಾಪಾಡಿಕೊಳ್ಳಲು ಕಪಾಟೂ ಇಲ್ಲದ ಮನೆಗಳಲ್ಲಿ ಇರುವ ನಮ್ಮವರಿಗೆ ಇದು ಸೌಕರ್ಯವೇ ಆಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಕ್ಕನ್ನು ತೆಗೆದುಕೊಂಡು ಅದರ ಬದಲಿಗೆ ಕೊಟ್ಟ ಸೌಕರ್ಯ ಕೊಟ್ಟವನ ಮರ್ಜಿಯಲ್ಲಿರುತ್ತದೆ. 2005ರ ಮುಂಗಡಪತ್ರವು ಅದನ್ನು ತೆಗೆದೇ ಹಾಕಿತು. 2018ರಲ್ಲಿ 40,000 ರೂಪಾಯಿಯಾಗಿ ಅದು ಮರಳಿ ಬಂದಾಗ, ಓಡಾಟದ ಭತ್ಯಕ್ಕಿದ್ದ 19,200 ರೂಪಾಯಿ ಮತ್ತು ಔಷಧೋಪಚಾರಕ್ಕಿದ್ದ 15,000 ರೂಪಾಯಿ ವಿನಾಯಿತಿಗಳು ಹೋದವು. ಅಂದರೆ ನಿಜವಾಗಿ ದೊರೆತದ್ದು 5,800! 2019ರಲ್ಲಿ ಅದು 50,000 ಆಯಿತು. 2024ರ ಜುಲೈಯ ಮುಂಗಡಪತ್ರದಲ್ಲಿ ಹೊಸ ತೆರಿಗೆ ಪದ್ಧತಿಯವರಿಗೆ 75,000 ಆಯಿತು. ಕಛೇರಿಯ ತಂಪು ಹವೆಯಲ್ಲಿ ಕುಳಿತವನಿಗೂ, ಸ್ವಂತ ಫ್ಯಾನಿನ ಕೆಳಗೆ ಕುಳಿತವನಿಗೂ ಮೊತ್ತ ಒಂದೇ.

ಇದೇ ಖರ್ಚನ್ನು ಸ್ವಂತ ಉದ್ಯೋಗದವನು ಮಾಡಿದರೆ ಕಾಯಿದೆಯ ಧಾಟಿಯೇ ಬೇರೆ. ವಾಸದ ಮನೆಯ ಒಂದು ಭಾಗವನ್ನು ಕಸುಬಿಗೆ ಬಳಸಿದರೆ ಆ ಭಾಗದ ಬಾಡಿಗೆಯನ್ನು ಕಳೆಯಬಹುದೆಂದು 1961ರ ಕಾಯಿದೆಯ 38ನೆಯ ಕಲಮು ಹೇಳಿತ್ತು. ತಿಂಗಳಿಗೆ 12,000 ರೂಪಾಯಿ ಬಾಡಿಗೆಯ ಮನೆಯ ಕಾಲುಭಾಗದಲ್ಲಿ ಹೊಲಿಗೆಯ ಯಂತ್ರವನ್ನಿಟ್ಟು ದುಡಿಯುವವರು ವರ್ಷಕ್ಕೆ 36,000 ರೂಪಾಯಿಯನ್ನು ಖರ್ಚಿನ ಬದಿಗೆ ಬರೆಯಬಹುದು. ಕಸುಬಿಗೆ ಉರಿದ ವಿದ್ಯುತ್ತಿನ ಪಾಲನ್ನೂ ಬರೆಯಬಹುದು. ಸ್ವಂತ ಮನೆಯಾದರೆ ತನಗೆ ತಾನೇ ಬಾಡಿಗೆ ಕೊಟ್ಟಂತೆ ಬರೆಯಲಾಗದು. ರಿಪೇರಿ, ಪುರಸಭೆಯ ಕರ ಮೊದಲಾದವುಗಳ ಪಾಲು ಮಾತ್ರ. ಲಾಭವನ್ನು ವಹಿವಾಟಿನ ಮೇಲೆ ಅಂದಾಜಿನಿಂದ ತೋರಿಸುವ ಸುಲಭ ಮಾರ್ಗವನ್ನು ಹಿಡಿದವರು ಇವನ್ನು ಮತ್ತೆ ಬೇರೆಯಾಗಿ ಕಳೆಯುವಂತಿಲ್ಲ. ಮನೆಯಲ್ಲಿ ಖಾನಾವಳಿ ನಡೆಸುವವರು, ಬಿಡುವಿನ ವೇಳೆ ಎರಡು ಮೂರು ಹೋಟೆಲುಗಳ ಲೆಕ್ಕ ಬರೆದುಕೊಡುವವರು ನಮ್ಮಲ್ಲಿ ಬಹಳ ಮಂದಿ. ಒಂದು ನೋಟುಬುಕ್ಕು, ಒಂದು ಬಿಲ್ಲಿನ ಕಟ್ಟು ಇಟ್ಟುಕೊಳ್ಳುವುದು ಅವರಿಗೆ ಹೊರೆಯಾಗಲಾರದು.

ಇನ್ನು ಸಂಬಳದಾರರ ಮಾತು. ಪ್ರಶ್ನೆ ಕೇಳಿದ ವಾಚಕರು ತಮ್ಮ ಸಂಬಳವೆಷ್ಟೆಂದು ತಿಳಿಸಿಲ್ಲ. ತಿಳಿಸಿದ್ದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತಿತ್ತು. 2025-26ನೆಯ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿಯವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಸಂಬಳದಾರರಿಗೆ 75,000ದ ಕಡಿತವೂ ಸೇರಿ ಅದು 12,75,000ದವರೆಗೆ ಹೋಗುತ್ತದೆ. ನಮ್ಮ ಹೋಟೆಲು ಕಾರ್ಮಿಕರಲ್ಲಿ, ಗುಮಾಸ್ತರಲ್ಲಿ ಎಷ್ಟು ಮಂದಿ ಈ ಗೆರೆಯನ್ನು ದಾಟಿದ್ದಾರೆ? ಕೊಡದಿರುವ ತೆರಿಗೆಯಲ್ಲಿ ರಿಯಾಯಿತಿ ದೊರೆತು ಯಾರಿಗೇನು ಲಾಭ? ಇಂಥ ಕಡಿತವನ್ನು ನಾಳೆಯೇ ಕೊಟ್ಟರೂ 30 ಲಕ್ಷ ಪಡೆಯುವ ಅಧಿಕಾರಿಗೆ ನೂರಕ್ಕೆ ಮೂವತ್ತು ಉಳಿಯುತ್ತದೆ, ತಿಂಗಳಿಗೆ 30,000 ಪಡೆಯುವ ಗುಮಾಸ್ತನಿಗೆ ಒಂದು ಕಾಸೂ ಉಳಿಯದು. ಆದುದರಿಂದ ನಮ್ಮವರು ಈ ಖರ್ಚನ್ನು ಮೊದಲು ಕೇಳಬೇಕಾದುದು ತೆರಿಗೆಯ ಇಲಾಖೆಯಲ್ಲಿ ಅಲ್ಲ, ಧಣಿಯಲ್ಲಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕೆಲಸ ಅವನದು, ಕಛೇರಿಯ ಬಾಡಿಗೆ, ವಿದ್ಯುತ್ತು, ನೀರು ಉಳಿದುದು ಅವನಿಗೆ.

ಕೇಳುವ ಕ್ರಮವನ್ನೂ ತಿಳಿದಿರಬೇಕು. ‘ಮನೆ ಕೆಲಸದ ಭತ್ಯ’ ಎಂದು ಧಣಿಯು ಸಂಬಳಕ್ಕೆ ಒಂದು ಮೊತ್ತವನ್ನು ಸೇರಿಸಿಕೊಟ್ಟರೆ ಅದು ತೆರಿಗೆಗೆ ಒಳಪಡುತ್ತದೆ. ಅದರ ಬದಲು ಕೆಲಸಕ್ಕಾಗಿ ಬಳಸಿದ ಟೆಲಿಫೋನು, ಮೊಬೈಲುಗಳ ನಿಜವಾದ ಖರ್ಚನ್ನು ಬಿಲ್ಲಿನ ಮೇಲೆ ಧಣಿಯೇ ತೆತ್ತರೆ ಅದನ್ನು ನೌಕರನ ಆದಾಯವೆಂದು ಎಣಿಸುವುದಿಲ್ಲ. ಕಂಪ್ಯೂಟರು ಧಣಿಯದೇ ಆಗಿದ್ದು ಬಳಕೆಗೆ ಮಾತ್ರ ಕೊಟ್ಟಿದ್ದರೆ ಅದಕ್ಕೂ ತೆರಿಗೆಯಿಲ್ಲ. ಮೇಜು ಕುರ್ಚಿಗಳ ವಿಚಾರದಲ್ಲಿ ನಿಯಮ ಇಷ್ಟು ಉದಾರವಾಗಿಲ್ಲ. ವಿದ್ಯುತ್ತಿನ ಬಿಲ್ಲಿಗಂತೂ ಮೊಬೈಲಿಗಿರುವಂಥ ಸ್ಪಷ್ಟವಾದ ರಕ್ಷಣೆಯೇ ಇಲ್ಲ. ಹಳೆಯ ಪದ್ಧತಿಯಲ್ಲಿ, ಕೆಲಸದ ಮೇಲೆ ತೊಡುವ ಯೂನಿಫಾರ್ಮಿನ ಭತ್ಯವನ್ನು ಖರ್ಚಾದ ಮಟ್ಟಿಗೆ ಬಿಟ್ಟುಕೊಟ್ಟಿದ್ದ ಕಾಯಿದೆಗೆ ಕೆಲಸದ ಮೇಲೆ ಉರಿಯುವ ದೀಪ ಕಾಣದೆ ಹೋದುದು ವಿಚಿತ್ರ.

ಮಧ್ಯವರ್ತಿಯ ಸಲಹೆಯ ಬಗ್ಗೆಯೂ ಒಂದು ಮಾತು. ಕಾಯಿದೆಯಲ್ಲಿ ಇಲ್ಲದ ಕಡಿತವನ್ನು ಅವನು ಎಲ್ಲಿಂದ ತಂದಾನು? ಕೊಡದ ದಾನ, ಇಲ್ಲದ ಸಾಲ, ತೆರದ ಬಾಡಿಗೆ ಇವುಗಳನ್ನೇ ಬರೆಯುತ್ತಾನೆ. ಬಾಡಿಗೆಯ ವಿಷಯ ನಮ್ಮವರಿಗೆ ವಿಶೇಷವಾಗಿ ತಟ್ಟುತ್ತದೆ. 2020ರಲ್ಲಿ ಎಷ್ಟೋ ಮಂದಿ ಮುಂಬಯಿ, ಪುಣೆಗಳ ಖೋಲಿ ಬಿಟ್ಟು ಉಡುಪಿ, ಕುಂದಾಪುರಗಳ ಹಿರಿಯರ ಮನೆಗಳಿಂದ ಕೆಲಸ ಮಾಡಿದರು. ಹಾಗೆ ಮಾಡಿದ ತಿಂಗಳುಗಳಿಗೆ ಮನೆ ಬಾಡಿಗೆ ಭತ್ಯದ ವಿನಾಯಿತಿಯನ್ನು ನಿಜವಾಗಿ ಬಾಡಿಗೆ ತೆತ್ತಿದ್ದರೆ ಮಾತ್ರ ಕೇಳಬಹುದಾಗಿತ್ತು. ತಂದೆಗೆ ಬಾಡಿಗೆ ಕೊಟ್ಟದ್ದೂ ಸಲ್ಲುತ್ತದೆ. ಆದರೆ ಹಣ ನಿಜವಾಗಿ ಕೈ ಬದಲಾಗಿರಬೇಕು, ತಂದೆಯ ಆದಾಯದಲ್ಲಿ ಅದು ಕಾಣಬೇಕು. ಹೊಸ ಪದ್ಧತಿಯವರಿಗೆ ಈ ವಿನಾಯಿತಿಯೇ ಇಲ್ಲ. ಸುಳ್ಳು ಕಡಿತಗಳನ್ನು ಹುಡುಕಿ 2025ರ ಜುಲೈಯಲ್ಲಿ ಇಲಾಖೆಯು ದೇಶದ ಹಲವೆಡೆ ತಪಾಸಣೆ ನಡೆಸಿತು. ಸುಳ್ಳು ತೋರಿಸಿದ್ದು ರುಜುವಾತಾದರೆ ತಪ್ಪಿಸಿದ ತೆರಿಗೆಯ ಎರಡರಷ್ಟು ದಂಡ ಬೀಳಬಹುದು. ಆಗ ಪಾಲು ತೆಗೆದುಕೊಂಡವನು ಊರಲ್ಲಿರುವುದಿಲ್ಲ. ನೋಟೀಸು ಬರುವುದು ಸಹಿ ಮಾಡಿದವನ ಮನೆಗೆ.

ಸರಕಾರದ ಕರ್ತವ್ಯ ಇದರಿಂದ ತೀರಿತೆಂದು ನಾವು ಹೇಳುತ್ತಿಲ್ಲ. ಜರ್ಮನಿಯಲ್ಲಿ 2023ರಿಂದ, ಮನೆಯಲ್ಲಿ ದುಡಿದ ದಿನವೊಂದಕ್ಕೆ 6 ಯೂರೋದಂತೆ ವರ್ಷಕ್ಕೆ 1,260 ಯೂರೋದವರೆಗೆ ಕಳೆಯಲು ಬಿಟ್ಟಿದ್ದಾರೆ. ಪ್ರತ್ಯೇಕ ಕೋಣೆ ಇರಬೇಕೆಂಬ ಷರತ್ತಿಲ್ಲ. ಬ್ರಿಟನ್ನಿನಲ್ಲಿ ನೌಕರನಿಗೆ ವಾರಕ್ಕೆ 6 ಪೌಂಡಿನ ಕಡಿತವಿತ್ತು. 2026ರ ಏಪ್ರಿಲಿನಿಂದ ಅದನ್ನು ನಿಲ್ಲಿಸಿ, ಧಣಿಯೇ ತೆತ್ತ ಖರ್ಚಿಗೆ ಮಾತ್ರ ತೆರಿಗೆಯಿಲ್ಲವೆಂಬ ನಿಯಮವನ್ನು ಉಳಿಸಿಕೊಳ್ಳುವ ನಿರ್ಧಾರ ಅಲ್ಲಿಯದು. ನಮ್ಮ ಅರ್ಥಸಚಿವಾಲಯವು ಜರ್ಮನಿಯಷ್ಟು ದೂರ ಹೋಗಬೇಕೆಂದು ನಾವು ಇಂದು ಕೇಳುವುದಿಲ್ಲ. ಮೊಬೈಲಿನ ಬಿಲ್ಲಿಗಿರುವ ನಿಯಮವನ್ನೇ ಮನೆಯಲ್ಲಿ ಕೆಲಸಕ್ಕಾಗಿ ಉರಿದ ವಿದ್ಯುತ್ತಿಗೂ, ಕೆಲಸಕ್ಕಾಗಿ ಕೊಂಡ ಮೇಜು ಕುರ್ಚಿಗೂ ಒಂದು ಮಿತಿಯೊಳಗೆ ವಿಸ್ತರಿಸಲಿ. ಆಗ ಕೊಡುವ ಮನಸ್ಸಿದ್ದ ಧಣಿಗೆ ನೆವ ಉಳಿಯದು.

ಡೊಂಬಿವಲಿಯ ವಾಚಕರಿಗೆ ನಾವು ಕೊಟ್ಟ ಸಲಹೆ ಇಷ್ಟೇ: ಕಳೆದ ಮೂರು ತಿಂಗಳ ಇಂಟರ್‌ನೆಟ್ಟು, ಮೊಬೈಲುಗಳ ಬಿಲ್ಲನ್ನು ಒಟ್ಟುಮಾಡಿ, ಅದರಲ್ಲಿ ಕಛೇರಿಯ ಪಾಲೆಷ್ಟೆಂದು ಬರೆದು, ಜೊತೆಗಾರರ ಸಹಿಯನ್ನೂ ಹಾಕಿಸಿ ಮ್ಯಾನೇಜರ ಮೇಜಿನ ಮೇಲಿಡಿ. ಅವರು ಏನೆಂದರೆಂಬುದನ್ನು ನಮಗೂ ಬರೆಯಿರಿ.