ಕಾಫಿ ಲೋಟ ಕದಲದ ಬಿರುಗಾಳಿ

2024ನೆಯ ಇಸವಿ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ ಏರ್‌ಲೈನ್ಸಿನ ಬೋಯಿಂಗ್ 777 ವಿಮಾನವು ಮ್ಯಾನ್ಮಾರಿನ ಮೇಲೆ, 37,000 ಅಡಿಗಳ ಎತ್ತರದಲ್ಲಿ, ಗಾಳಿಯ ಹೊಯ್ದಾಟಕ್ಕೆ ಸಿಕ್ಕಿತು. ವಿಮಾನದೊಳಗಿನ ಯಂತ್ರಗಳು ಬರೆದಿಟ್ಟ ಲೆಕ್ಕವನ್ನು ತನಿಖೆಯವರು ಕೆಲವೇ ದಿನಗಳಲ್ಲಿ ಪ್ರಕಟಿಸಿದರು. ಕೇವಲ 0.6 ಸೆಕೆಂಡಿನಲ್ಲಿ ಒಳಗಿದ್ದವರ ಮೇಲಿನ ಭಾರವು ಭೂಮಿಯ ಸೆಳೆತದ 1.35ರಷ್ಟಿದ್ದುದು ಅದಕ್ಕೆ ತೀರ ವಿರುದ್ಧವಾದ ದಿಕ್ಕಿನಲ್ಲಿ 1.5ರಷ್ಟಕ್ಕೆ ಹೊರಳಿತ್ತು. ಎಂದರೆ, 81 ಕಿಲೋ ತೂಗುವವನಂತೆ ಆಸನಕ್ಕೆ ಅದುಮಿಕೊಂಡಿದ್ದ 60 ಕಿಲೋ ಮನುಷ್ಯನೊಬ್ಬನು ಮರುಕ್ಷಣವೇ 90 ಕಿಲೋ ಭಾರವಾಗಿ ಚಾವಣಿಯ ಕಡೆಗೆ ‘ಬಿದ್ದ’. ಮುಂದಿನ ನಾಲ್ಕು ಸೆಕೆಂಡುಗಳಲ್ಲಿ ಭಾರ ಮತ್ತೆ ತಿರುಗಿತು. ಬೆಲ್ಟ್ ಕಟ್ಟಿಕೊಳ್ಳದೆ ಮೇಲಕ್ಕೆ ಎಸೆಯಲ್ಪಟ್ಟವರು ಕೆಳಕ್ಕೆ ಅಪ್ಪಳಿಸಿದರು. ಇಷ್ಟಕ್ಕೂ ಆ ವಿಮಾನ ಇಳಿದದ್ದು 178 ಅಡಿ ಮಾತ್ರ. ಒಬ್ಬ ಪ್ರಯಾಣಿಕರು ತೀರಿಕೊಂಡರು, ಅನೇಕರು ಗಾಯಗೊಂಡರು.

ಈ ದಾರಿಯನ್ನು, ಇದೇ ಜಾತಿಯ ವಿಮಾನವನ್ನು, ಇಂದು ಮನೆಯ ಮೇಜಿನ ಮುಂದೆ ಕುಳಿತು ಹಾರಿಸಬಹುದು. ಕಂಪ್ಯೂಟರಿನ ಪರದೆಯಲ್ಲಿ ಮೋಡಗಳು ಕವಿಯುತ್ತವೆ, ರೆಕ್ಕೆಗಳು ಬಾಗುತ್ತವೆ, ಎತ್ತರವನ್ನು ತೋರುವ ಅಂಕಿಗಳು 178 ಅಡಿಗಳಷ್ಟು ಉರುಳುತ್ತವೆ. ಪಕ್ಕದಲ್ಲಿಟ್ಟ ಕಾಫಿ ಲೋಟದ ಕೆನೆ ಮಾತ್ರ ಕದಲುವುದಿಲ್ಲ. ಹಾಗಾದರೆ ಈ ಮನೆಯ ಸಿಮ್ಯುಲೇಟರು ಹೊಯ್ದಾಟವನ್ನು ನಿಜವಾಗಿ ತೋರಿಸುತ್ತದೆಯೆ, ಇಲ್ಲವೆ?

ಈ ಯಂತ್ರಗಳ ಮೂಲಪುರುಷನಿಗೆ ಅಲುಗದೆ ಕೂರುವ ಕೊರತೆ ಇರಲಿಲ್ಲವೆಂಬುದು ಸ್ವಾರಸ್ಯವಾದ ಸಂಗತಿ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕನ ತಂದೆಯದು ಆರ್ಗನ್ನುಗಳನ್ನೂ ತಾನಾಗಿ ನುಡಿಯುವ ಪಿಯಾನೊಗಳನ್ನೂ ತಯಾರಿಸುವ ಕಾರ್ಖಾನೆ. ಅಲ್ಲಿಯ ತಿದಿಗಳನ್ನೇ, ಎಂದರೆ ನಮ್ಮ ಹಾರ್ಮೋನಿಯಮ್ಮಿಗೆ ಉಸಿರು ಕೊಡುವ ತಿದಿಯ ದೊಡ್ಡಣ್ಣಂದಿರನ್ನು, ಒಂದು ಪುಟ್ಟ ಪೆಟ್ಟಿಗೆಯ ಅಡಿಗೆ ಜೋಡಿಸಿ ಲಿಂಕನು 1929ರ ಹೊತ್ತಿಗೆ ತನ್ನ ‘ತರಬೇತಿ ವಿಮಾನ’ವನ್ನು ಸಿದ್ಧಪಡಿಸಿದ. ಒಳಗೆ ಕುಳಿತವನು ಕೋಲನ್ನು ತಿರುಗಿಸಿದರೆ ಪೆಟ್ಟಿಗೆ ಓಲುತ್ತಿತ್ತು, ಬಾಗುತ್ತಿತ್ತು. ಮೊದಮೊದಲು ಅದನ್ನು ಆಟದ ಸಾಮಾನೆಂದೇ ಜನ ಬಗೆದರು. 1934ರಲ್ಲಿ ಅಮೆರಿಕದ ಸೈನ್ಯವು ವಿಮಾನಗಳಲ್ಲಿ ಟಪಾಲು ಸಾಗಿಸಹೊರಟು, ಕೆಟ್ಟ ಹವೆಯಲ್ಲಿ ತನ್ನ ಪೈಲಟ್ಟುಗಳನ್ನು ಕಳೆದುಕೊಂಡ ಮೇಲೆ, ಈ ಪೆಟ್ಟಿಗೆಗಳಲ್ಲಿ ಆರನ್ನು ಕೊಂಡಿತು. ಅಲ್ಲಿಂದೀಚೆಗೆ ಅದರ ಅದೃಷ್ಟ ತೆರೆಯಿತು.

1980ರ ಸುಮಾರಿನಲ್ಲಿ ಬ್ರೂಸ್ ಆರ್ಟ್‌ವಿಕ್ ಎಂಬಾತ ಹಾರಾಟವನ್ನು ಮನೆಯ ಕಂಪ್ಯೂಟರಿಗೆ ಇಳಿಸಿದಾಗ ತಿದಿಗಳು ಹೋಗಿ ಗೆರೆಗಳ ಚಿತ್ರವಷ್ಟೆ ಉಳಿಯಿತು. ಆಮೇಲಿನ ನಾಲ್ಕು ದಶಕಗಳಲ್ಲಿ ಚಿತ್ರವು ಎಷ್ಟು ಸೊಗಸಾಯಿತೋ ಗಾಳಿಯೂ ಅಷ್ಟೇ ಸೊಗಸಾಯಿತೆ ಎಂದು ಕೇಳಿದರೆ, ಹೌದೆನ್ನುವುದು ಕಷ್ಟ.

ಗಾಳಿಯು ಹೊಳೆಯಂತೆ ಒಂದೇ ಸಮನೆ ಹರಿಯುವುದಿಲ್ಲ. ದೊಡ್ಡ ಸುಳಿಯೊಳಗೆ ಚಿಕ್ಕ ಸುಳಿ, ಅದರೊಳಗೆ ಮತ್ತೂ ಚಿಕ್ಕದು. ಹತ್ತಾರು ಕಿಲೋಮೀಟರುಗಳ ಅಲೆಯ ಮೇಲೆ ವಿಮಾನವು ಮೆಲ್ಲನೆ ಏರಿ ಇಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅಂಗೈಯಗಲದ ಸುಳಿಗಳು ಅಷ್ಟುದ್ದದ ರೆಕ್ಕೆಯ ಮೇಲೆ ಒಂದನ್ನೊಂದು ಅಳಿಸಿಕೊಂಡು ಹೋಗುತ್ತವೆ. ದೊಡ್ಡ ವಿಮಾನವನ್ನು ಹಿಡಿದು ಕುಲುಕುವವು ಸುಮಾರು ನೂರು ಮೀಟರಿನಿಂದ ಒಂದು ಕಿಲೋಮೀಟರಿನವರೆಗಿನ ನಡುಗಾತ್ರದವು. 2020ರಲ್ಲಿ ಹೊರಬಂದ ಮೈಕ್ರೋಸಾಫ್ಟಿನ ಸಿಮ್ಯುಲೇಟರು ಸ್ವಿಟ್ಜರ್ಲೆಂಡಿನ ಹವಾಮಾನ ಸಂಸ್ಥೆಯೊಂದರಿಂದ ಜಗತ್ತಿನ ಗಾಳಿಯ ಲೆಕ್ಕವನ್ನು ಆಗಿಂದಾಗ ತರಿಸಿಕೊಳ್ಳುತ್ತದೆ, ನಿಜ. ಆದರೆ ಅಂತಹ ಲೆಕ್ಕದ ಬಲೆಗೆ ಒಂದೊಂದು ಕಣ್ಣೂ ಹಲವು ಕಿಲೋಮೀಟರುಗಳಷ್ಟು ಅಗಲ. ತಿಮಿಂಗಿಲವನ್ನು ಹಿಡಿಯುವ ಬಲೆಯಲ್ಲಿ ಮೀನುಗಳೆಲ್ಲ ನುಸುಳಿ ಹೋಗುವಂತೆ, ಬೇಕಾದ ಸುಳಿಗಳೇ ಅದರೊಳಗಿನಿಂದ ತಪ್ಪಿಸಿಕೊಳ್ಳುತ್ತವೆ.

ತಪ್ಪಿಸಿಕೊಂಡುದನ್ನು ಯಂತ್ರವು ತಾನೇ ಹುಟ್ಟಿಸಬೇಕು. ಗುಡ್ಡದ ಈ ಮೈಗೆ ಬಡಿದ ಗಾಳಿ ಮೇಲೇರುವುದನ್ನೂ ಆಚೆಯ ಮೈಯಲ್ಲಿ ಕುಸಿಯುವುದನ್ನೂ, ಮಧ್ಯಾಹ್ನದ ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಎದ್ದು ಬರುವುದನ್ನೂ ಈಗಿನ ಸಿಮ್ಯುಲೇಟರುಗಳು ಲೆಕ್ಕ ಹಾಕುತ್ತವೆ. ಚಿಕ್ಕ ವಿಮಾನ ಹಾರಿಸುವವರಿಗೆ ಇದು ಕಡಮೆಯ ಲಾಭವಲ್ಲ. ಉಳಿದದ್ದಕ್ಕೆ ಪಗಡೆಯ ದಾಳ ಉರುಳಿಸಿದಂತೆ ಅಂಕಿಗಳನ್ನು ಉದುರಿಸುವುದುಂಟು. ಆದರೆ ಬರಿಯ ದಾಳವನ್ನು ನಂಬಿದರೆ ವಿಮಾನವು ಜರಡಿಯಲ್ಲಿ ಬಿದ್ದ ಕಾಳಿನಂತೆ ಅದುರೀತೇ ಹೊರತು ಆಕಾಶದಲ್ಲಿದ್ದಂತೆ ತೋರದು. ನಿಜವಾದ ಗಾಳಿಯ ಹೊಡೆತಗಳಿಗೆ ಒಂದು ಧಾಟಿಯಿದೆ: ದೊಡ್ಡ ತೂಗಾಟದ ಮೇಲೆ ಸಣ್ಣ ಅದುರುಗಳು ಸವಾರಿ ಮಾಡುತ್ತವೆ. ಈ ಧಾಟಿಯನ್ನು ಗಣಿತಕ್ಕೆ ಒಗ್ಗಿಸಿಕೊಟ್ಟ ಕೀರ್ತಿ ಥಿಯೊಡೋರ್ ಫಾನ್ ಕಾರ್ಮಾನ್ ಮತ್ತು ಹ್ಯೂ ಡ್ರೈಡನ್ನರ ಹೆಸರುಗಳೊಂದಿಗೆ ಸೇರಿದೆ. ವಿಮಾನಗಳ ಗಟ್ಟಿತನವನ್ನು ಅಳೆಯಲು ಎಂಜಿನಿಯರುಗಳು ನೆಚ್ಚಿರುವ ಸೂತ್ರಗಳು ಅವು.

ಇಷ್ಟೆಲ್ಲ ಸರಿಯಾಗಿ ನಡೆದರೂ ಅದು ತಲುಪುವುದು ಕಣ್ಣಿಗೆ. ಹೊಯ್ದಾಟವನ್ನು ಮೊದಲು ಅರಿಯುವುದಾದರೋ ಕಿವಿಯ ಒಳಭಾಗ. ಅಲ್ಲಿ ದ್ರವ ತುಂಬಿದ ಮೂರು ಬಾಗುನಾಳಗಳು ಹೊರಳುವುದನ್ನು ಹೇಳುತ್ತವೆ. ಸಣ್ಣ ಸುಣ್ಣದ ಹರಳುಗಳು ಏರಿಳಿತವನ್ನು ಹೇಳುತ್ತವೆ. ಕುರ್ಚಿಯಲ್ಲಿ ಕುಳಿತವನಿಗೆ ಇವೆರಡೂ ‘ಏನೂ ಆಗಿಲ್ಲ’ ಎಂದು ಸಾಕ್ಷಿ ನುಡಿಯುತ್ತಿರುವಾಗ ಕಣ್ಣೊಂದರ ಮಾತು ಎಷ್ಟು ನಡೆದೀತು? ಹಣವಿದ್ದವರು ಅಲುಗುವ ಪೀಠವನ್ನು ತರಿಸಬಹುದು. ವಿಮಾನ ಕಂಪನಿಗಳ ತರಬೇತಿ ಶಾಲೆಗಳಲ್ಲಂತೂ ಆರು ಯಾಂತ್ರಿಕ ಕಾಲುಗಳ ಮೇಲೆ ನಿಂತ ಭಾರಿ ಕೋಣೆಗಳೇ ಇವೆ. ಸಣ್ಣ ಕುಲುಕಾಟವನ್ನು ಅವು ಚೆನ್ನಾಗಿ ಅಭಿನಯಿಸುತ್ತವೆ. ಆದರೆ ಅವುಗಳ ಕಾಲಿನ ಚಾಚು ಒಂದೆರಡು ಮೀಟರು. ಮ್ಯಾನ್ಮಾರಿನ ಮೇಲಿನ ಕುಸಿತ 54 ಮೀಟರು. ಮನುಷ್ಯನನ್ನು ಚಾವಣಿಗೆ ಎಸೆಯುವ ಆ ಬಲವನ್ನು ನೆಲದ ಮೇಲಿನ ಯಾವ ಕೋಣೆಯೂ ಅಷ್ಟು ಹೊತ್ತು ಹಿಡಿದಿಡಲಾರದು.

ಕೊರತೆಯನ್ನು ತುಂಬಲು ಬಳಸುವ ಸುಲಭದ ಉಪಾಯವೊಂದಿದೆ: ಪರದೆಯನ್ನು ಇನ್ನಷ್ಟು ಜೋರಾಗಿ ಅಲುಗಿಸುವುದು. ದೇಹಕ್ಕೆ ಸಿಗದುದನ್ನು ಕಣ್ಣಿಗೆ ಎರಡರಷ್ಟು ಬಡಿಸುವ ಈ ಔದಾರ್ಯವು ಆಟಗಾರನಿಗೆ ಹಿತವಾಗಿ ಕಂಡೀತು. ಆದರೆ ಉತ್ಪ್ರೇಕ್ಷೆ ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ 2001ರ ನವೆಂಬರ್ 12ರ ಸಂಗತಿ ಸಾಕು. ಅಂದು ನ್ಯೂಯಾರ್ಕಿನಿಂದ ಮೇಲೇರಿದ ಅಮೆರಿಕನ್ ಏರ್‌ಲೈನ್ಸಿನ ಏರ್‌ಬಸ್ ವಿಮಾನವೊಂದು ಮುಂದೆ ಹೋದ ಜಂಬೊ ವಿಮಾನದ ರೆಕ್ಕೆಗಳು ಬಿಟ್ಟುಹೋದ ಸುಳಿಗೆ ಸಿಕ್ಕಿತು. ಆ ಸುಳಿಯೇ ವಿಮಾನವನ್ನು ಕೆಡಹುವಷ್ಟು ಬಲವಾದುದಲ್ಲ. ಆದರೆ ಸಹಪೈಲಟ್ಟು ಕಾಲಿನ ಪೆಡಲುಗಳನ್ನು ಎಡಕ್ಕೂ ಬಲಕ್ಕೂ ಬಲವಾಗಿ ಒತ್ತುತ್ತ ಹೋದರು. ಬಾಲದ ನೆಟ್ಟಗಿನ ರೆಕ್ಕೆಯೇ ಕಿತ್ತುಹೋಯಿತು. ವಿಮಾನದಲ್ಲಿದ್ದ 260 ಮಂದಿಯೂ ನೆಲದ ಮೇಲಿದ್ದ ಐವರೂ ಸತ್ತರು. ಅಮೆರಿಕದ ತನಿಖಾ ಮಂಡಲಿಯು ಕಾರಣಗಳನ್ನು ಹುಡುಕುತ್ತ ಪೆಡಲುಗಳ ರಚನೆಯನ್ನೂ ಕಂಪನಿಯ ತರಬೇತಿಯನ್ನೂ ಹೆಸರಿಸಿತು. ಆ ತರಬೇತಿಯ ಸಿಮ್ಯುಲೇಟರಿನಲ್ಲಿ ಇಂತಹ ಸುಳಿಯು ವಿಮಾನವನ್ನು 90 ಡಿಗ್ರಿಗೂ ಮೀರಿ ಮಗುಚಿಸುತ್ತಿತ್ತು, ಕ್ಷಣಕಾಲ ಕೈಯ ಹತೋಟಿ ನಾಟದಂತೆಯೂ ಮಾಡಲಾಗಿತ್ತು. ದೊಡ್ಡ ವಿಮಾನಗಳಿಗೆ ಸಹಜವಾಗಿ ಅಂಥದು ಒದಗುವುದಿಲ್ಲ.

ಆದುದರಿಂದ ಮನೆಯ ಸಿಮ್ಯುಲೇಟರಿನ ಮುಂದೆ ಕುಳಿತವನು ಕೇಳಬೇಕಾದುದು ಅದು ಎಷ್ಟು ಕುಲುಕಿತೆಂಬುದನ್ನಲ್ಲ, ಕುಲುಕಾಟದಲ್ಲಿ ತನ್ನ ಕೈ ಏನನ್ನು ರೂಢಿಸಿಕೊಂಡಿತೆಂಬುದನ್ನು. ನುರಿತ ಪೈಲಟ್ಟುಗಳು ಹೊಯ್ದಾಟದಲ್ಲಿ ಮಾಡುವುದು ಬಹಳ ಕಡಮೆ. ವೇಗವನ್ನು ಆ ವಿಮಾನಕ್ಕೆ ಗೊತ್ತುಮಾಡಿದ ಮಟ್ಟಕ್ಕೆ ತರುತ್ತಾರೆ. ಮೂತಿಯನ್ನೂ ರೆಕ್ಕೆಗಳನ್ನೂ ಹದವಾಗಿ ಹಿಡಿಯುತ್ತಾರೆ. ಎತ್ತರದ ಮುಳ್ಳು ನೂರಡಿ ಅತ್ತಿತ್ತ ಹೋದರೆ ಅದರ ಬೆನ್ನು ಹತ್ತುವುದಿಲ್ಲ. ಈ ತಾಳ್ಮೆಯನ್ನು ಕಣ್ಣಿನ ಮೂಲಕವೇ ಕಲಿಯಬಹುದು. ಹೊಯ್ದಾಟವನ್ನು ‘ಕಡಿಮೆ, ಮಧ್ಯಮ, ವಾಸ್ತವ’ ಎಂದು ಆರಿಸಿಕೊಳ್ಳುವ ಸೌಕರ್ಯವನ್ನು ಮೈಕ್ರೋಸಾಫ್ಟಿನ ಆಟದಲ್ಲಿ ಒದಗಿಸಿದ್ದಾರೆ. ‘ವಾಸ್ತವ’ವೆಂಬುದು ತೀರ ಹೆಚ್ಚಾಯಿತೆಂದು ದೂರುವವರೂ ಇದ್ದಾರೆ, ಇನ್ನೂ ಸಾಲದೆನ್ನುವವರೂ ಇದ್ದಾರೆ.

ಅದೇ ಆಟದ ದೊಡ್ಡ ವಿಮಾನಗಳಲ್ಲಿ, ಪೈಲಟ್ಟಿನ ತಲೆಯ ಮೇಲಿನ ಹಲಗೆಯಲ್ಲಿ, ‘ಬೆಲ್ಟ್ ಕಟ್ಟಿಕೊಳ್ಳಿ’ ಎಂಬ ದೀಪದ ಗುಂಡಿಯೂ ಇದೆ. ಒತ್ತಿದರೆ ಮೃದುವಾಗಿ ಗಂಟೆ ಬಾರಿಸುತ್ತದೆ. 2024ರ ಆ ವಿಮಾನದಲ್ಲಿ ದೀಪ ಹಾಕಲಾಗಿದೆಯೆಂದು ಪೈಲಟ್ಟು ಕೂಗಿ ಹೇಳಿದುದಕ್ಕೂ ಜನರು ಆಸನದಿಂದ ಎದ್ದು ಚಿಮ್ಮಿದುದಕ್ಕೂ ನಡುವೆ ಇದ್ದದ್ದು ಎಂಟು ಸೆಕೆಂಡು.