ಕರಡಿ ಆರು ತಿಂಗಳು ನಿದ್ದೆ ಮಾಡುತ್ತದೆಯೇ? ಕಾಡುಪ್ರಾಣಿಗಳು ಚಳಿಗಾಲ ದಾಟುವ ಬಗೆ

ಡಿಸೆಂಬರ್ ಬಂತೆಂದರೆ ಚಳಿಯ ಜೊತೆಗೆ ಚಳಿಯ ವಿಡಿಯೊಗಳೂ ಮೊಬೈಲಿಗೆ ಬರತೊಡಗುತ್ತವೆ. ಕಲ್ಲಿನಂತೆ ಹೆಪ್ಪುಗಟ್ಟಿದ ಕಪ್ಪೆಯೊಂದು ಮತ್ತೆ ಕಣ್ಣು ಬಿಟ್ಟು ಕುಪ್ಪಳಿಸುತ್ತದೆ. ಚಳಿಗೆ ಮರಗಟ್ಟಿದ ಭಾರಿ ಓತಿಕ್ಯಾತವೊಂದು ಮರದಿಂದ ದೊಪ್ಪನೆ ಬೀಳುತ್ತದೆ. ಇನ್ನೊಂದರಲ್ಲಿ ಕರಡಿಯ ಚಿತ್ರ, ಅದರ ಕೆಳಗೊಂದು ಉಪದೇಶ: ‘ಕರಡಿ ಆರು ತಿಂಗಳು ಅನ್ನ ನೀರು ಬಿಟ್ಟು ಮಲಗಿದರೂ ಆರೋಗ್ಯವಾಗಿರುತ್ತದೆ, ನೀವೂ ಉಪವಾಸ ಮಾಡಿ.’

ಇವುಗಳಲ್ಲಿ ಯಾವುದು ನಿಜ? ಕಪ್ಪೆಯದು ನಿಜ, ಆದರೆ ಎಲ್ಲ ಕಪ್ಪೆಗಳಿಗೂ ಅನ್ವಯಿಸುವುದಿಲ್ಲ. ಓತಿಕ್ಯಾತದ್ದೂ ನಿಜ, ಆದರೆ ಅದನ್ನು ಮನೆಗೆ ತಂದರೆ ಅಪಾಯ. ಕರಡಿಯದು ಅರ್ಧ ನಿಜ, ಅದರ ಕೆಳಗಿನ ಉಪದೇಶ ಪೂರ್ತಿ ತಪ್ಪು. ಯಾಕೆ ಎಂದು ತಿಳಿಯಬೇಕಾದರೆ ಮೊದಲು ಚಳಿಗಾಲದಲ್ಲಿ ಪ್ರಾಣಿಗಳನ್ನು ಕಾಡುವುದು ಏನು ಎಂಬುದನ್ನು ನೋಡಬೇಕು.

ಚಳಿಗಿಂತ ಹಸಿವು ದೊಡ್ಡದು

ಸಸ್ತನಿಗಳು ಮತ್ತು ಹಕ್ಕಿಗಳು ಮೈಯನ್ನು ಒಂದೇ ಮಟ್ಟದಲ್ಲಿ ಬೆಚ್ಚಗೆ ಇಟ್ಟುಕೊಳ್ಳಬೇಕು. ಅದಕ್ಕೆ ಒಲೆ ಉರಿಯುತ್ತಲೇ ಇರಬೇಕು, ಒಲೆಗೆ ಸೌದೆ ಬೇಕು. ಪ್ರಾಣಿಯ ಪಾಲಿಗೆ ಸೌದೆ ಎಂದರೆ ಆಹಾರ, ಇಲ್ಲವೇ ಮೈಯಲ್ಲಿ ಕೂಡಿಟ್ಟ ಕೊಬ್ಬು. ಚಳಿಗಾಲದಲ್ಲಿ ಕಷ್ಟ ಎರಡೂ ಕಡೆಯಿಂದ ಬರುತ್ತದೆ. ಸೌದೆ ಹೆಚ್ಚು ಬೇಕಾಗುವ ಹೊತ್ತಿಗೇ ಹುಲ್ಲು ಹಿಮದಡಿ ಹೂತಿರುತ್ತದೆ, ಹುಳುಗಳು ಮಾಯವಾಗಿರುತ್ತವೆ, ಕೆರೆಯ ಮೇಲೆ ಮಂಜುಗಡ್ಡೆ ಮುಚ್ಚಿರುತ್ತದೆ.

ಸಣ್ಣ ಪ್ರಾಣಿಗಳ ಪಾಡು ಇನ್ನೂ ಕಷ್ಟ. ಲೋಟದ ಕಾಫಿ ಹತ್ತು ನಿಮಿಷಕ್ಕೆ ಆರಿಹೋಗುತ್ತದೆ, ಹಂಡೆಯ ಬಿಸಿನೀರು ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಅದೇ ರೀತಿ ಇಲಿಯ ಮೈ ಬೇಗ ಶಾಖ ಕಳೆದುಕೊಳ್ಳುತ್ತದೆ, ಆನೆಯದು ನಿಧಾನವಾಗಿ.

ಹಾಗಾಗಿ ಚಳಿಗಾಲದ ಪ್ರಶ್ನೆ ‘ಎಷ್ಟು ಚಳಿ ತಡೆಯಬಲ್ಲೆ’ ಎನ್ನುವುದಕ್ಕಿಂತ ‘ಇರುವ ಸೌದೆ ವಸಂತದವರೆಗೆ ಸಾಕಾಗುತ್ತದೆಯೇ’ ಎನ್ನುವುದು. ಪ್ರಾಣಿಗಳು ಇದಕ್ಕೆ ಮೂರು ದಾರಿ ಕಂಡುಕೊಂಡಿವೆ: ಊರು ಬಿಡುವುದು, ಎಚ್ಚರವಾಗಿದ್ದೇ ಉಳಿಸುವುದು, ಒಲೆಯನ್ನೇ ತಗ್ಗಿಸುವುದು.

ಊರು ಬಿಡುವವರು

ಮೊದಲ ದಾರಿಯನ್ನು ನೋಡಲು ದೂರ ಹೋಗಬೇಕಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವ ಈ ಹಕ್ಕಿಗಳು ಬೇಸಿಗೆ ಕಳೆಯುವುದು ಮಂಗೋಲಿಯಾ, ಟಿಬೆಟ್, ಲಡಾಖ್‌ನಂಥ ಎತ್ತರದ ನಾಡುಗಳಲ್ಲಿ. ಅಲ್ಲಿನ ನೀರು ಹೆಪ್ಪುಗಟ್ಟಿ ಮೇವು ಸಿಗದಂತಾದಾಗ ಹಿಮಾಲಯ ದಾಟಿ ದಕ್ಷಿಣಕ್ಕೆ ಇಳಿಯುತ್ತವೆ. ಇವು 7,000 ಮೀಟರ್‌ಗೂ ಮೇಲೆ ಹಾರಿದ್ದು ಹಕ್ಕಿಗಳ ಬೆನ್ನಿಗೆ ಕಟ್ಟಿದ ಉಪಕರಣಗಳಲ್ಲಿ ದಾಖಲಾಗಿದೆ.

ಗಮನಿಸಿ, ಈ ಹಕ್ಕಿಗೆ ಚಳಿ ತಡೆಯುವ ಪುಕ್ಕದ ಹೊದಿಕೆ ಚೆನ್ನಾಗಿಯೇ ಇದೆ. ಅದು ಊರು ಬಿಡುವುದು ಮುಖ್ಯವಾಗಿ ಹೊಟ್ಟೆಪಾಡಿಗಾಗಿ.

ಎಚ್ಚರವಾಗಿದ್ದೇ ಉಳಿಸುವವರು

ಎಲ್ಲರಿಗೂ ವಲಸೆ ಸಾಧ್ಯವಿಲ್ಲ. ಅಲ್ಲೇ ಉಳಿಯುವ ಪ್ರಾಣಿಗಳ ಮೊದಲ ಆಸರೆ ಹೊದಿಕೆ. ಕಂಬಳಿ ತಾನಾಗಿ ಶಾಖ ಕೊಡುವುದಿಲ್ಲ, ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ನಮ್ಮ ಮೈಯ ಶಾಖ ಹೊರಹೋಗದಂತೆ ತಡೆಯುತ್ತದೆ. ತುಪ್ಪಳ ಮತ್ತು ಪುಕ್ಕ ಮಾಡುವ ಕೆಲಸವೂ ಅದೇ. ಹಿಮಚಿರತೆಯ ಬಾಲ ಹೆಚ್ಚುಕಡಿಮೆ ಅದರ ಮೈಯಷ್ಟೇ ಉದ್ದ, ಬಲು ದಪ್ಪ. ಮಲಗುವಾಗ ಅದನ್ನೇ ಮುಖಕ್ಕೆ ಸುತ್ತಿಕೊಳ್ಳುತ್ತದೆ.

ಮಂಜುಗಡ್ಡೆಯ ಮೇಲೆ ಬರಿಗಾಲಿನಲ್ಲಿ ನಿಲ್ಲುವ ಬಾತುಕೋಳಿಯ ಜಾಣತನ ಬೇರೆ. ಅದರ ಕಾಲಿನಲ್ಲಿ ಕೆಳಗಿಳಿಯುವ ಬಿಸಿ ರಕ್ತದ ನಾಳ ಮತ್ತು ಮೇಲೇರುವ ತಣ್ಣನೆಯ ರಕ್ತದ ನಾಳ ಅಂಟಿಕೊಂಡಂತೆ ಇರುತ್ತವೆ. ಇಳಿಯುವ ರಕ್ತ ತನ್ನ ಶಾಖವನ್ನು ಏರುವ ರಕ್ತಕ್ಕೆ ದಾಟಿಸಿಬಿಡುತ್ತದೆ. ಪಾದಕ್ಕೆ ತಲುಪುವುದು ತಣ್ಣನೆಯ ರಕ್ತ. ಪಾದವೇ ತಣ್ಣಗಿದ್ದರೆ ಮಂಜುಗಡ್ಡೆಗೆ ಸೋರಿಹೋಗುವ ಶಾಖವೂ ಕಡಿಮೆ.

ಹಿಮ ಕೂಡ ಒಂದು ಹೊದಿಕೆಯೇ. ಅದರಲ್ಲೂ ಗಾಳಿ ತುಂಬಿರುತ್ತದೆ. ಹೊರಗೆ ಮೈನಸ್ 20 ಡಿಗ್ರಿ ಇದ್ದರೂ ದಪ್ಪ ಹಿಮದ ಅಡಿಯಲ್ಲಿ, ನೆಲಕ್ಕೆ ತಾಗಿದ ಜಾಗದಲ್ಲಿ, ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಇಲಿಗಳು ಅಲ್ಲಿ ಸುರಂಗ ಕೊರೆದುಕೊಂಡು ಓಡಾಡುತ್ತವೆ.

ಆಹಾರದ ಉಪಾಯಗಳಂತೂ ಅಚ್ಚರಿ ಹುಟ್ಟಿಸುತ್ತವೆ. ಪೈಕಾ ಎಂಬುದು ಮೊಲದ ನೆಂಟ, ಹೆಗ್ಗಣದಷ್ಟು ದೊಡ್ಡದೂ ಇಲ್ಲ. ಉತ್ತರ ಅಮೆರಿಕದ ಪೈಕಾ ನಮ್ಮ ರೈತರು ಬಣವೆ ಒಟ್ಟುವ ಹಾಗೆ ಬೇಸಿಗೆಯಲ್ಲೇ ಹುಲ್ಲು ಒಣಗಿಸಿ ಬಂಡೆಗಳ ನಡುವೆ ಕೂಡಿಡುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಪೈಕಾ ಚಳಿಗಾಲದಲ್ಲಿ ಓಡಾಟ ತಗ್ಗಿಸಿ, ಯಾಕ್ ಸಗಣಿ ತಿಂದು ದಿನ ದೂಡುತ್ತದೆ ಎಂಬುದನ್ನು ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಅರ್ಧ ಜೀರ್ಣವಾದ ಹುಲ್ಲು ಕುಳಿತಲ್ಲಿಯೇ ಸಿಗುವಾಗ ಅದಕ್ಕಾಗಿ ಅಲೆದು ಶಕ್ತಿ ಕಳೆಯುವುದೇಕೆ? ಯುರೋಪಿನ ಒಂದು ಬಗೆಯ ಸೊಂಡಿಲಿ ಇನ್ನೂ ಒಂದು ಹೆಜ್ಜೆ ಮುಂದೆ. ಚಳಿಗಾಲ ಬಂದಾಗ ಅದರ ತಲೆಬುರುಡೆ, ಮೆದುಳು ಎರಡೂ ಕುಗ್ಗುತ್ತವೆ, ವಸಂತದಲ್ಲಿ ಮತ್ತೆ ಬೆಳೆಯುತ್ತವೆ. ಮೈ ಚಿಕ್ಕದಾದರೆ ಒಟ್ಟು ಬೇಕಾಗುವ ಆಹಾರವೂ ಕಡಿಮೆ. ಪೋಲೆಂಡಿನ ವಿಜ್ಞಾನಿ ಆಗಸ್ಟ್ ಡೆನೆಲ್ ಇದನ್ನು 1949ರಲ್ಲಿಯೇ ವರದಿ ಮಾಡಿದ್ದರು.

ಒಲೆ ತಗ್ಗಿಸುವವರು

ಮೂರನೆಯ ದಾರಿಯೇ ಶಿಶಿರನಿದ್ರೆ. ಹೆಸರಿನಲ್ಲಿ ನಿದ್ರೆ ಇದ್ದರೂ ಇದು ನಮ್ಮ ರಾತ್ರಿಯ ನಿದ್ದೆಯಲ್ಲ. ಉಸಿರು, ಎದೆಬಡಿತ, ಮೈಶಾಖ ಎಲ್ಲವನ್ನೂ ತಗ್ಗಿಸಿ ಜೀವವನ್ನು ಹೊಗೆಯಾಡುವ ಕೆಂಡದಷ್ಟಕ್ಕೆ ಇಳಿಸುವ ಸ್ಥಿತಿ.

ಇದರಲ್ಲಿ ಆರ್ಕ್ಟಿಕ್ ನೆಲ ಅಳಿಲನ್ನು ಮೀರಿಸಿದವರಿಲ್ಲ. ಅಲಾಸ್ಕಾದಲ್ಲಿ ಬ್ರಯಾನ್ ಬಾರ್ನ್ಸ್ ನಡೆಸಿದ ಅಧ್ಯಯನದಲ್ಲಿ ಈ ಅಳಿಲಿನ ಮೈಶಾಖ ಮೈನಸ್ 2.9 ಡಿಗ್ರಿವರೆಗೆ ಇಳಿದದ್ದು ಕಂಡುಬಂತು. 1989ರಲ್ಲಿ ಇದು ಪ್ರಕಟವಾಯಿತು. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಹೋದರೂ ಅದರ ರಕ್ತ ಹೆಪ್ಪುಗಟ್ಟುವುದಿಲ್ಲ. ಹಾಗೆಂದು ಅದು ತಿಂಗಳುಗಟ್ಟಲೆ ಒಂದೇ ಸಮ ಬಿದ್ದಿರುವುದೂ ಇಲ್ಲ. ಎರಡು ಮೂರು ವಾರಕ್ಕೊಮ್ಮೆ ನಡುಗುತ್ತಾ ಮೈ ಕಾಯಿಸಿಕೊಳ್ಳುತ್ತದೆ, ಕೆಲವು ಗಂಟೆ ಬೆಚ್ಚಗಿದ್ದು ಮತ್ತೆ ತಣ್ಣಗಾಗುತ್ತದೆ. ಶಿಶಿರನಿದ್ರೆ ಮಾಡುವ ಸಣ್ಣ ಪ್ರಾಣಿಗಳು ಚಳಿಗಾಲಕ್ಕೆಂದು ಕೂಡಿಟ್ಟ ಕೊಬ್ಬಿನ ಬಹುಪಾಲು ಖರ್ಚಾಗುವುದು ಈ ಎಚ್ಚರದ ಗಂಟೆಗಳಲ್ಲೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕರಡಿಗೆ ಬರೋಣ. ಅಲಾಸ್ಕಾದ ಕಪ್ಪು ಕರಡಿಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವುಗಳ ಮೈಶಾಖ 30 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಇಲ್ಲ. ಆದರೆ ದೇಹ ಖರ್ಚು ಮಾಡುವ ಶಕ್ತಿ ಮಾತ್ರ ವಿಶ್ರಾಂತಿಯಲ್ಲಿರುವಾಗಿನ ಕಾಲುಭಾಗಕ್ಕೆ ಇಳಿಯುತ್ತದೆ. ನಿಮಿಷಕ್ಕೆ 55ರಷ್ಟಿದ್ದ ಎದೆಬಡಿತ 14ಕ್ಕೆ ಬರುತ್ತದೆ. ತಿಂಗಳುಗಟ್ಟಲೆ ತಿನ್ನುವುದಿಲ್ಲ, ಕುಡಿಯುವುದಿಲ್ಲ ಎಂಬುದೂ ನಿಜ. ಆದರೆ ಅದು ಸತ್ತಂತೆ ಬಿದ್ದಿರುವುದಿಲ್ಲ. ಸದ್ದಾದರೆ ಎಚ್ಚರಗೊಳ್ಳುತ್ತದೆ. ಹೆಣ್ಣು ಕರಡಿಗಳು ಮರಿ ಹಾಕುವುದು, ಹಾಲೂಡಿಸುವುದು ಈ ಅವಧಿಯಲ್ಲೇ.

ಎಲ್ಲ ಕರಡಿಗಳೂ ಹೀಗಲ್ಲ. ಹಂಪಿ ಸಮೀಪದ ದರೋಜಿ ಕರಡಿಧಾಮದಲ್ಲಿ ಚಳಿಗಾಲದಲ್ಲೂ ಕರಡಿಗಳು ಕಾಣಸಿಗುತ್ತವೆ. ನಮ್ಮ ಕರಡಿಗೆ ವರ್ಷವಿಡೀ ಗೆದ್ದಲು, ಇರುವೆ, ಹಣ್ಣು, ಜೇನು ಏನಾದರೊಂದು ಸಿಗುತ್ತದೆ, ಅದಕ್ಕೆ ಶಿಶಿರನಿದ್ರೆಯ ಅಗತ್ಯವಿಲ್ಲ. ಹಿಮಕರಡಿಗಳಲ್ಲೂ ಚಳಿಗಾಲವಿಡೀ ಗುಹೆ ಸೇರುವುದು ಬಸುರಿ ಹೆಣ್ಣುಗಳು ಮಾತ್ರ. ಉಳಿದವು ಸಮುದ್ರದ ಮಂಜುಗಡ್ಡೆಯ ಮೇಲೆ ಸೀಲ್‌ಗಳ ಬೇಟೆಯಲ್ಲಿರುತ್ತವೆ.

ಹೆಪ್ಪುಗಟ್ಟಿ ಬದುಕುವ ಕಪ್ಪೆ

ವಿಡಿಯೊದಲ್ಲಿ ಕಾಣುವಂಥ ಕಪ್ಪೆ ಉತ್ತರ ಅಮೆರಿಕದ ಕಾಡುಗಳಲ್ಲಿದೆ. ಅದು ತರಗೆಲೆಯ ಅಡಿಯಲ್ಲಿ ಚಳಿಗಾಲ ಕಳೆಯುತ್ತದೆ. ಮೈಯೊಳಗಿನ ನೀರಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂಜುಗಡ್ಡೆಯಾಗುತ್ತದೆ. ಎದೆಬಡಿತ ನಿಲ್ಲುತ್ತದೆ, ಉಸಿರಾಟವೂ ಇಲ್ಲ. ವಸಂತದಲ್ಲಿ ಕರಗಿದಾಗ ಎದ್ದು ಹೊರಡುತ್ತದೆ.

ಗುಟ್ಟು ಇರುವುದು ಸಕ್ಕರೆಯಲ್ಲಿ. ಮೈ ಹೆಪ್ಪುಗಟ್ಟಲು ಶುರುವಾದೊಡನೆ ಅದರ ಯಕೃತ್ತು ರಕ್ತಕ್ಕೆ ಭಾರಿ ಪ್ರಮಾಣದ ಗ್ಲೂಕೋಸ್ ಬಿಡುತ್ತದೆ. ಜೀವಕೋಶಗಳ ಒಳಗೆ ಪಾಕದಂತೆ ಮಂದವಾದ ದ್ರವ ಉಳಿಯುತ್ತದೆ, ಮಂಜುಗಡ್ಡೆ ಹೊರಗಷ್ಟೇ ಕಟ್ಟುತ್ತದೆ. ಹಾಗಾಗಿ ಕೋಶಗಳು ಒಡೆಯುವುದಿಲ್ಲ. ಈ ಶಕ್ತಿ ಇರುವುದು ಬೆರಳೆಣಿಕೆಯ ಜಾತಿಗಳಿಗೆ. ನಮ್ಮ ಗದ್ದೆಯ ಕಪ್ಪೆಯನ್ನು ಫ್ರಿಜ್ಜಿನಲ್ಲಿಟ್ಟು ‘ಪ್ರಯೋಗ’ ಮಾಡಿದರೆ ಅದು ಸಾಯುತ್ತದೆ, ಅಷ್ಟೇ. ದಯವಿಟ್ಟು ಮಕ್ಕಳಿಗೂ ಇದನ್ನು ಹೇಳಿ.

ನಡುವೆ ಎಬ್ಬಿಸಿದರೆ ಏನಾಗುತ್ತದೆ?

ಅಳಿಲಿನ ಲೆಕ್ಕ ನೆನಪಿದೆಯಲ್ಲವೇ? ಎಚ್ಚರವಾದಷ್ಟೂ ಕೊಬ್ಬು ಕರಗುತ್ತದೆ. ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಬಾವಲಿಗಳು ತೋರಿಸಿವೆ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೂತಿಯ ಮೇಲೆ ಬಿಳಿ ಬೂಷ್ಟು ಹಿಡಿದ ಬಾವಲಿಗಳು ಕಂಡವು. ತಣ್ಣನೆಯ ಗುಹೆಗಳಲ್ಲಿ ಬೆಳೆಯುವ ಈ ಶಿಲೀಂಧ್ರ ಬಾವಲಿಗಳ ಚರ್ಮಕ್ಕೆ ತಗುಲಿ, ಅವು ಮತ್ತೆ ಮತ್ತೆ ಎಚ್ಚರಗೊಳ್ಳುವಂತೆ ಮಾಡುತ್ತದೆ. ಹುಳುಗಳೇ ಇಲ್ಲದ ಕಾಲದಲ್ಲಿ ಎಚ್ಚರವಾದರೆ ತಿನ್ನುವುದೇನನ್ನು? ಚಳಿಗಾಲ ಮುಗಿಯುವ ಮೊದಲೇ ಕೊಬ್ಬು ಮುಗಿದು ಲಕ್ಷಾಂತರ ಬಾವಲಿಗಳು ಸತ್ತವು.

ಕಾಯಿಲೆ ಮಾಡಿದ ಕೆಲಸವನ್ನೇ ಮನುಷ್ಯರ ಟಾರ್ಚು, ಗದ್ದಲ, ಪಟಾಕಿಗಳೂ ಮಾಡಬಲ್ಲವು. ಒಂದು ಸಲ ಬೆದರಿ ಎದ್ದ ಪ್ರಾಣಿ ಕಣ್ಣೆದುರು ಸಾಯುವುದಿಲ್ಲ. ಅದರ ಸಾವು ಫೆಬ್ರವರಿಯಲ್ಲೋ ಮಾರ್ಚಿನಲ್ಲೋ, ಯಾರಿಗೂ ಕಾಣದ ಬಿಲದಲ್ಲಿ ಆಗುತ್ತದೆ.

ಮರದಿಂದ ಬೀಳುವ ಓತಿಕ್ಯಾತದ ವಿಷಯವೂ ಹೀಗೆಯೇ ತಪ್ಪು ತಿಳಿವಳಿಕೆಗೆ ಎಡೆಮಾಡುತ್ತದೆ. ಅದು ಅಮೆರಿಕದ ಫ್ಲೋರಿಡಾದಲ್ಲಿರುವ ಹಸಿರು ಇಗ್ವಾನಾ, ಬಿಸಿ ನಾಡಿನಿಂದ ಬಂದ ಪ್ರಾಣಿ. ಉಷ್ಣಾಂಶ ಕುಸಿದಾಗ ಸ್ನಾಯುಗಳು ಸೆಟೆದುಕೊಂಡು ಕೊಂಬೆಯ ಹಿಡಿತ ತಪ್ಪುತ್ತದೆ. ಬಿದ್ದವೆಲ್ಲ ಸತ್ತಿರುವುದಿಲ್ಲ. ಪಾಪ ಎಂದು ಮನೆಯೊಳಗೆ ತಂದರೆ ಮೈ ಕಾದೊಡನೆ ಎದ್ದು ಬೆದರಿ ಕಚ್ಚಬಹುದು. ಮನೆಗೆ ಒಯ್ಯಬೇಡಿ ಎಂದು ಅಲ್ಲಿನ ವನ್ಯಜೀವಿ ಇಲಾಖೆಯೇ ಹೇಳುತ್ತದೆ.

ಹಾಗಾದರೆ ಚಳಿ ಕಡಿಮೆಯಾದರೆ ಒಳ್ಳೆಯದಲ್ಲವೇ?

ಭೂಮಿ ಬಿಸಿಯಾಗುತ್ತಿದೆ, ಪ್ರಾಣಿಗಳಿಗೆ ಚಳಿಗಾಲ ಸುಲಭವಾಗುತ್ತದೆ ಎಂದು ವಾದಿಸುವವರಿದ್ದಾರೆ. ಆದರೆ ಹಿಮದ ಹೊದಿಕೆ ತೆಳುವಾದರೆ ಅದರಡಿಯ ಇಲಿ, ಕಪ್ಪೆಗಳು ಚಳಿಗೆ ನೇರವಾಗಿ ಒಡ್ಡಿಕೊಳ್ಳುತ್ತವೆ. ಉತ್ತರ ಅಮೆರಿಕದ ಒಂದು ಜಾತಿಯ ಮೊಲ ಚಳಿಗಾಲದಲ್ಲಿ ಬಿಳಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬದಲಾಗುವುದು ಹಗಲಿನ ಉದ್ದವನ್ನು ಅನುಸರಿಸಿ, ಹಿಮ ಬಿದ್ದಿದೆಯೇ ಎಂದು ನೋಡಿ ಅಲ್ಲ. ಹಿಮ ತಡವಾದರೆ ಕಂದು ನೆಲದ ಮೇಲೆ ಬಿಳಿ ಮೊಲ ಎದ್ದು ಕಾಣುತ್ತದೆ, ಬೇಟೆಗಾರ ಪ್ರಾಣಿಗಳಿಗೆ ಸುಲಭದ ತುತ್ತಾಗುತ್ತದೆ. ಪ್ರಾಣಿಗಳು ಹೊಂದಿಕೊಂಡಿರುವುದು ಒಂದು ನಿರ್ದಿಷ್ಟ ಬಗೆಯ ಚಳಿಗಾಲಕ್ಕೆ. ಅದರ ಲಯ ತಪ್ಪುವುದೇ ಅಪಾಯ.

ಕರಡಿಯನ್ನು ನೋಡಿ ನಾವೂ ಉಪವಾಸ ಮಾಡಬಹುದೇ?

ಬೇಡ. ಕರಡಿಯ ದೇಹ ಮೂತ್ರದಲ್ಲಿ ಹೋಗಬೇಕಾದ ಯೂರಿಯಾವನ್ನು ಒಡೆದು ಮತ್ತೆ ಪ್ರೋಟೀನ್ ಮಾಡಿಕೊಳ್ಳಲು ಬಳಸುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಮಲಗಿದ್ದರೂ ಅದರ ಸ್ನಾಯು ಹೆಚ್ಚು ಸವೆಯುವುದಿಲ್ಲ. ಮನುಷ್ಯರು ಕೆಲವೇ ವಾರ ಹಾಸಿಗೆ ಹಿಡಿದರೂ ಸ್ನಾಯು ಕರಗುತ್ತದೆ, ಮೂಳೆ ತೆಳುವಾಗುತ್ತದೆ. ನೀರಿಲ್ಲದೆ ಕೆಲವು ದಿನ ಕಳೆದರೆ ಪ್ರಾಣಕ್ಕೇ ಕುತ್ತು. ನಮ್ಮ ಮೈಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಅದು ನಿದ್ರೆಯಲ್ಲ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇಂಥ ಸಂದೇಶ ನಂಬಿ ಊಟ ಬಿಟ್ಟರೆ ರಕ್ತದ ಸಕ್ಕರೆ ಏಕಾಏಕಿ ಕುಸಿಯಬಹುದು. ನಿಮ್ಮ ಮನೆಯ ಗ್ರೂಪಿಗೆ ಈ ಫಾರ್ವರ್ಡ್ ಬಂದರೆ ಅಲ್ಲೇ ತಡೆಯಿರಿ.

ನಾವು ಮಾಡಬಹುದಾದದ್ದು

ಈಗ ಬೆಂಗಳೂರಿನಿಂದ ಲಡಾಖ್‌ಗೆ ಬೈಕಿನಲ್ಲಿ ಹೋಗಿಬರುವವರು ಬಹಳ. ಅಲ್ಲಿ ರಸ್ತೆಬದಿಯ ಬಿಲಗಳಿಂದ ದುಂಡನೆಯ ಮಾರ್ಮಾಟ್‌ಗಳು ಇಣುಕುತ್ತವೆ. ಪ್ರವಾಸಿಗರು ಬಿಸ್ಕತ್ತು ಚಾಚಿ ಸೆಲ್ಫಿ ತೆಗೆದುಕೊಳ್ಳುವುದು ಸಾಮಾನ್ಯ. ಈ ಪ್ರಾಣಿಗಳು ವರ್ಷದ ಅರ್ಧದಷ್ಟು ಕಾಲ ಬಿಲದೊಳಗೆ ಶಿಶಿರನಿದ್ರೆಯಲ್ಲಿರುತ್ತವೆ. ಅಷ್ಟು ದಿನಕ್ಕೆ ಬೇಕಾದ ಕೊಬ್ಬನ್ನು ಅವು ಗಳಿಸಬೇಕಾದದ್ದು ಚಿಕ್ಕ ಬೇಸಿಗೆಯಲ್ಲಿ, ತಮಗೆ ಒಗ್ಗುವ ಹುಲ್ಲು, ಗಿಡ, ಬೇರುಗಳಿಂದ. ಬಿಸ್ಕತ್ತು ಅವುಗಳ ಆಹಾರವಲ್ಲ. ಮನುಷ್ಯರ ಭಯ ಬಿಟ್ಟ ಪ್ರಾಣಿ ರಸ್ತೆಗೂ ಬರುತ್ತದೆ, ನಾಯಿಯ ಬಾಯಿಗೂ ಬೀಳುತ್ತದೆ.

ದೂರದಿಂದ ನೋಡಿ, ಫೋಟೊ ತೆಗೆಯಿರಿ, ಬಿಸ್ಕತ್ತು ಚೀಲದಲ್ಲೇ ಇರಲಿ. ಗುಹೆಯಲ್ಲಿ ತಣ್ಣಗೆ ನೇತಾಡುವ ಬಾವಲಿಯಾಗಲಿ, ಬಿಲದಲ್ಲಿ ಮುದುಡಿದ ಪ್ರಾಣಿಯಾಗಲಿ ಕಂಡರೆ ಮುಟ್ಟಬೇಡಿ, ಎಬ್ಬಿಸಬೇಡಿ. ಗಾಯಗೊಂಡಂತೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಅವು ತಮ್ಮ ಸೌದೆಯನ್ನು ಲೆಕ್ಕ ಹಾಕಿಯೇ ಇಟ್ಟುಕೊಂಡಿವೆ. ಆ ಲೆಕ್ಕ ನಮ್ಮಿಂದ ತಪ್ಪದಿದ್ದರೆ ಸಾಕು.