ಗೃಹವಿಜ್ಞಾನ: ಬ್ಯಾಟರಿ ಬಂಡಿಯ ಮುಂದೀಪ ಆರಿದಾಗ

ದೀಪವಿಲ್ಲದ ಮನೆಯಲ್ಲಿ ಒಂದು ರಾತ್ರಿಯನ್ನು ಹೇಗೋ ಕಳೆಯಬಹುದು. ದೀಪವಿಲ್ಲದ ಬಂಡಿಯಲ್ಲಿ ಹೆದ್ದಾರಿಯ ಮೇಲೆ ಒಂದು ಗಳಿಗೆಯನ್ನೂ ಕಳೆಯಲಾಗದು. ಹಂಪಿಯ ವಿಜಯವಿಠ್ಠಲ ದೇವಾಲಯಕ್ಕೆ ಹೋಗಿಬಂದ ವಾಚಕರು, ಸದ್ದಿಲ್ಲದೆ, ಹೊಗೆಯಿಲ್ಲದೆ ಯಾತ್ರಿಕರನ್ನು ಹೊತ್ತು ಸಾಗುವ ಬ್ಯಾಟರಿ ಬಂಡಿಗಳನ್ನು ಕಂಡಿರಬಹುದು. ಗಾಲ್ಫ್ ಎಂಬ ಚೆಂಡಾಟದ ಬಯಲುಗಳಲ್ಲಿ ಬಳಕೆಗೆ ಬಂದ ಆ ಬಂಡಿಗೂ, ಈಗ ಊರೂರುಗಳಲ್ಲಿ ಓಡಾಡುವ ಮೂರು ಗಾಲಿಯ ಬ್ಯಾಟರಿ ರಿಕ್ಷಾಕ್ಕೂ ವಿದ್ಯುತ್ತಿನ ವ್ಯವಸ್ಥೆಯಲ್ಲಿ ಹೆಚ್ಚಿನ ಭೇದವಿಲ್ಲ. ಆದಕಾರಣ ಈ ತಿಂಗಳು ನಾವು ಬರೆಯುವ ಮಾತುಗಳು ಎರಡಕ್ಕೂ ಸಲ್ಲುವುವು.

ಬ್ಯಾಟರಿ ರಿಕ್ಷಾಕ್ಕೆ ಮೋಟಾರು ವಾಹನಗಳ ಕಾಯಿದೆಯಲ್ಲಿ ಸ್ಥಾನ ದೊರೆತದ್ದು 2015ರ ತಿದ್ದುಪಡಿಯಿಂದ. ಅದು ಗಂಟೆಗೆ 25 ಕಿಲೋಮೀಟರಿಗಿಂತ ವೇಗವಾಗಿ ಓಡತಕ್ಕ ವಾಹನವಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಂದ ಹಿಂಡಿಯ ಚೀಲವನ್ನು ತರುವುದಕ್ಕಾಗಲಿ, ಮೊಳಕಾಲ್ಮೂರಿನ ಮಗ್ಗದ ಮನೆಯಿಂದ ರೇಷ್ಮೆ ಸೀರೆಯ ಗಂಟನ್ನು ಅಂಗಡಿಗೆ ಮುಟ್ಟಿಸುವುದಕ್ಕಾಗಲಿ ಆ ವೇಗವೇನೋ ಸಾಕು. ಆದರೆ ಬಳ್ಳಾರಿಯಿಂದ ಚಳ್ಳಕೆರೆಯ ಮೇಲೆ ಹಿರಿಯೂರಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿಯೆಲ್ಲ ಲಾರಿಗಳು ಓಡುತ್ತವೆ. 80 ಕಿಲೋಮೀಟರು ವೇಗದ ಲಾರಿ 25 ಕಿಲೋಮೀಟರು ವೇಗದ ಬಂಡಿಯ ಬೆನ್ನು ಹತ್ತಿದರೆ, ನಡುವಣ ನೂರು ಮೀಟರು ಅಂತರವು ಏಳು ಸೆಕೆಂಡಿನೊಳಗಾಗಿ ಸವೆದುಹೋಗುತ್ತದೆ. ಅನೇಕ ಬಂಡಿಗಳಲ್ಲಿ ಮುಂದೀಪಕ್ಕೂ ಹಿಂದಿನ ಕೆಂಪು ದೀಪಕ್ಕೂ ವಿದ್ಯುತ್ತು ಬರುವುದು ಒಂದೇ ಮೂಲದಿಂದ. ಮುಂದೀಪ ಆರಿದಾಗ ಹಿಂದಿನದೂ ಆರಿರುವುದುಂಟು. ಈ ಲೆಕ್ಕವನ್ನು ಬಲ್ಲವರು ‘ನಾಳೆ ನೋಡೋಣ’ ಎಂದು ಬಂಡಿಯನ್ನು ಹೊರಡಿಸಲಾರರು.

ದೀಪ ಆರಿದೊಡನೆ ಸಾಮಾನ್ಯರು ಮಾಡುವ ಉಪಾಯವೆಂದರೆ ಹೊಸ ಬಲ್ಬನ್ನು ಕೊಳ್ಳುವುದು. ಅದೂ ಉರಿಯದಿದ್ದರೆ ಸ್ವಿಚ್ಚು, ಆಮೇಲೆ ಇನ್ನೊಂದು ಸಾಮಾನು. ಹೀಗೆ ಒಂದು ವಾರದ ಸಂಪಾದನೆ ಕೈಬಿಟ್ಟ ಮೇಲೆ, ಕಿಲುಬು ಹಿಡಿದ ಒಂದು ತಂತಿಯ ಕೀಲು ಸಿಕ್ಕುತ್ತದೆ! ಬಲ್ಬು ಕೆಡುವುದಿಲ್ಲವೆಂದಲ್ಲ, ಆದರೆ ಕ್ರಮವಾಗಿ ಪರೀಕ್ಷಿಸಿದ ಹೊರತು ಏನನ್ನೂ ಕೊಳ್ಳಬಾರದು. ಪರೀಕ್ಷೆಯನ್ನು ದೀಪದ ಸ್ವಿಚ್ಚು ಹಾಕಿರುವಾಗಲೇ ಮಾಡತಕ್ಕದ್ದು. ಈ ಲೇಖನದ ಸಾರವೆಲ್ಲ ಇಷ್ಟೇ. ಅದರ ಕಾರಣವನ್ನು ಮುಂದೆ ವಿವರಿಸುವೆವು.

ಮೊದಲು ವಿದ್ಯುತ್ತು ಸಾಗುವ ದಾರಿಯನ್ನು ತಿಳಿಯೋಣ. ಬ್ಯಾಟರಿ ರಿಕ್ಷಾದಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟನ್ನು ಪಡೆಯುತ್ತಾರೆ. ಗಾಲ್ಫ್ ಬಂಡಿಯಲ್ಲಿ 6 ವೋಲ್ಟಿನ ಆರು ಸೇರಿ 36, ಅಥವಾ 8 ವೋಲ್ಟಿನ ಆರು ಸೇರಿ 48 ಆಗುವುದು ರೂಢಿ. ಮೋಟಾರಿಗೆ ಈ ಪೂರ್ಣ ಶಕ್ತಿ ಬೇಕು; ದೀಪಗಳಾದರೋ ಬಹುಮಟ್ಟಿಗೆ 12 ವೋಲ್ಟಿನವು. ಆದ್ದರಿಂದ ನಡುವೆ ಕನ್ವರ್ಟರ್ ಎಂಬ ಒಂದು ಸಣ್ಣ ಪೆಟ್ಟಿಗೆಯಿರುತ್ತದೆ. ಅದು 48ನ್ನು 12ಕ್ಕೆ ಇಳಿಸಿಕೊಡುತ್ತದೆ. ಬ್ಯಾಟರಿ, ಫ್ಯೂಸು, ಕನ್ವರ್ಟರು, ಸ್ವಿಚ್ಚು, ಬಲ್ಬು, ಮತ್ತೆ ಹಿಂದಿರುಗುವ ತಂತಿ, ಇದೇ ದಾರಿ. ಇದರಲ್ಲಿ ಎಲ್ಲಿ ಕಡಿದರೂ ದೀಪ ಆರುತ್ತದೆ.

ಕೈಯಿಡುವ ಮುನ್ನ ಎಚ್ಚರಿಕೆಯ ನಾಲ್ಕು ಮಾತು. ಚಿನ್ನದ ಬಳೆ, ಉಂಗುರ, ಕೈಗಡಿಯಾರಗಳನ್ನು ತೆಗೆದಿಡತಕ್ಕದ್ದು; ಸರವನ್ನು ತೆಗೆಯದವರು ಅದು ಜೋತುಬೀಳದಂತೆ ಸೆರಗಿನೊಳಗೆ ಸೇರಿಸಿಕೊಳ್ಳಬೇಕು. ಬ್ಯಾಟರಿಯ ಎರಡು ತುದಿಗಳ ನಡುವೆ ಲೋಹ ತಗುಲಿದರೆ ಅದು ಕ್ಷಣಮಾತ್ರದಲ್ಲಿ ಕೆಂಡವಾಗಿ ಮಾಂಸವನ್ನು ಸುಡುವುದು. ಸೀಸದ ಬ್ಯಾಟರಿ ಚಾರ್ಜಾಗುವಾಗ ಜಲಜನಕವೆಂಬ ಹೊತ್ತಿಕೊಳ್ಳುವ ಅನಿಲ ಹೊರಡುವುದರಿಂದ ಸಮೀಪದಲ್ಲಿ ಬೆಂಕಿಕಡ್ಡಿ ಗೀಚಕೂಡದು. ತಂತಿಗಳನ್ನು ಬಿಚ್ಚಿ ಕಟ್ಟಬೇಕಾದಲ್ಲಿ ಕೀಲಿಯನ್ನು ಆರಿಸಿ, ಬ್ಯಾಟರಿ ಸಾಲಿನ ಋಣ ತುದಿಯನ್ನು ಮೊದಲು ಕಳಚಬೇಕು. ಮೋಟಾರಿನ ಕಂಟ್ರೋಲರಿಗೆ ಕೈಹಾಕಬಾರದು. ಕೀಲಿ ಆರಿಸಿದ ಮೇಲೂ ಅದರೊಳಗೆ ವಿದ್ಯುತ್ತು ಕೆಲಕಾಲ ಉಳಿದಿರುತ್ತದೆ.

ಇನ್ನು ಪರೀಕ್ಷೆ. ಯಾವ ಉಪಕರಣವೂ ಇಲ್ಲದೆ ತಿಳಿಯಬಹುದಾದದ್ದೇ ಬಹಳವುಂಟು. ಒಂದು ದೀಪ ಮಾತ್ರ ಆರಿದ್ದು ಇನ್ನೊಂದು ಉರಿಯುತ್ತಿದ್ದರೆ ಬ್ಯಾಟರಿಯನ್ನೂ ಕನ್ವರ್ಟರನ್ನೂ ಸಂಶಯಿಸಬೇಕಾಗಿಲ್ಲ. ದೋಷವು ಆ ದೀಪದ ಬಲ್ಬು, ಹೋಲ್ಡರು ಅಥವಾ ತಂತಿಯಲ್ಲಿರುವುದು. ದೀಪಗಳೆಲ್ಲ ಆರಿ ಹಾರನ್ನೂ ಮೂಕವಾಗಿದ್ದು ಬಂಡಿ ಮಾತ್ರ ಓಡುತ್ತಿದ್ದರೆ, ಫ್ಯೂಸು ಅಥವಾ ಕನ್ವರ್ಟರಿನ ಮೇಲೆ ಗುಮಾನಿಪಡಬೇಕು. ಹಳ್ಳದಿಣ್ಣೆಯಲ್ಲಿ ದೀಪ ಮಿಣುಕಿದರೆ ಎಲ್ಲೋ ಕೀಲು ಸಡಿಲಿದೆ. ಏರು ಹತ್ತುವಾಗ ಮಾತ್ರ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೆ ಕನ್ವರ್ಟರು ಸೋಲುತ್ತಿದೆ. ಹೊಸ ಬಲ್ಬುಗಳು ಮೇಲಿಂದ ಮೇಲೆ ಸುಟ್ಟುಹೋಗುತ್ತಿದ್ದರೆ ಕನ್ವರ್ಟರು ಹನ್ನೆರಡಕ್ಕಿಂತ ಬಹಳ ಹೆಚ್ಚು ವೋಲ್ಟನ್ನು ಬಿಡುತ್ತಿರಬಹುದು. ಅಳೆದು ನೋಡದೆ ಇನ್ನೊಂದು ಬಲ್ಬನ್ನು ಹಾಕುವುದು ದುಡ್ಡನ್ನು ಒಲೆಗೆ ಹಾಕಿದಂತೆ.

ಫ್ಯೂಸು ಹೋಗಿದ್ದರೆ ಅದೇ ಅಳತೆಯದನ್ನು ಹಾಕತಕ್ಕದ್ದು. ದಪ್ಪ ತಾಮ್ರದ ತಂತಿಯನ್ನು ಸುತ್ತಿ ಕೆಲಸ ಸಾಗಿಸುವ ಜಾಣತನವು ಅತ್ಯಂತ ಅಪಾಯಕರ. ಫ್ಯೂಸು ತಾನು ಕರಗಿ ಬಂಡಿಯನ್ನು ಉಳಿಸುವ ಸೇವಕ. ಅದು ಕರಗದಂತೆ ಮಾಡಿದರೆ ತಂತಿಯ ಹೊದಿಕೆಯೇ ಹೊತ್ತಿಕೊಳ್ಳುವುದು. ಹೊಸ ಫ್ಯೂಸೂ ಒಡನೆಯೇ ಹೋದರೆ, ಎಲ್ಲಿಯೋ ಎರಡು ತಂತಿಗಳು ಸಿಪ್ಪೆ ಸುಲಿದು ಒಂದನ್ನೊಂದು ಮುಟ್ಟಿವೆಯೆಂದು ತಿಳಿಯಬೇಕು.

ಇದರ ಮುಂದಿನ ಪರೀಕ್ಷೆಗೆ ಮಲ್ಟಿಮೀಟರು ಬೇಕು. ಅದರ ತಿರುಗಣಿಯನ್ನು ಡಿ.ಸಿ. ವೋಲ್ಟಿನ ಕಡೆಗೆ, 48ಕ್ಕಿಂತ ದೊಡ್ಡ ಅಳತೆಯಲ್ಲಿ ನಿಲ್ಲಿಸಬೇಕು. ಕೆಂಪು ತಂತಿಯು ಆಂಪಿಯರಿನ ರಂಧ್ರದಲ್ಲಿ ಇರಲೇಕೂಡದು. ಈಗ ಮೊದಲು ಹೇಳಿದ ಮಾತಿನ ಕಾರಣಕ್ಕೆ ಬರೋಣ. ನಲ್ಲಿಯ ಕೊಳವೆಯಲ್ಲಿ ಕಸ ಕಟ್ಟಿಕೊಂಡಿದೆಯೆನ್ನಿ. ನಲ್ಲಿ ಮುಚ್ಚಿರುವಾಗ ಕೊಳವೆಯಲ್ಲಿ ಪೂರ್ಣ ಒತ್ತಡವಿರುತ್ತದೆ. ತಿರುಗಿಸಿದಾಗಲೇ ನೀರು ತೊಟ್ಟಿಕ್ಕುವುದು ಕಾಣುವುದು. ಅದರಂತೆಯೇ ಬಲ್ಬನ್ನು ತೆಗೆದು ಬರಿಯ ಹೋಲ್ಡರಿನಲ್ಲಿ ಅಳೆದರೆ, ಕಿಲುಬು ತುಂಬಿದ ಕೀಲಿನ ಮೂಲಕವೂ ಮೀಟರು 12 ವೋಲ್ಟನ್ನೇ ತೋರಿಸುತ್ತದೆ. ನೋಡಿದವರು ತಂತಿ ಚೆನ್ನಾಗಿದೆಯೆಂದು ಭ್ರಮಿಸಿ ಬಲ್ಬನ್ನು ದೂರುತ್ತಾರೆ. ಬಲ್ಬು ವಿದ್ಯುತ್ತನ್ನು ಸೆಳೆಯುತ್ತಿರುವಾಗ ಅಳೆದರೆ ಮಾತ್ರ ನಿಜಾಂಶ ಹೊರಬೀಳುವುದು.

ಓಮ್ ಎಂಬ ಜರ್ಮನ್ ಪಂಡಿತನು 1827ರಲ್ಲಿ ಪ್ರಕಟಿಸಿದ ನಿಯಮದಿಂದ ಇದನ್ನು ಲೆಕ್ಕ ಹಾಕಬಹುದು. 55 ವ್ಯಾಟಿನ ತಂತುವಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು ನಾಲ್ಕೂವರೆ ಆಂಪಿಯರನ್ನು ಸೆಳೆಯುತ್ತದೆ. ದಾರಿಯ ಒಂದು ಕೀಲಿನಲ್ಲಿ ಅರ್ಧ ಓಮ್ ಅಡ್ಡಿಯಿದ್ದರೆ ಅಲ್ಲಿಯೇ ಎರಡು ವೋಲ್ಟು ನಷ್ಟವಾಗುವುದು. ಉಳಿದ ಹತ್ತು ವೋಲ್ಟಿನಲ್ಲಿ ಅಂಥ ಬಲ್ಬಿನ ಬೆಳಕು ಸುಮಾರು ಅರ್ಧಕ್ಕಿಳಿಯುತ್ತದೆ. ಕಣ್ಣಿಗೆ ಕಾಣದ ಹಸುರು ಕಿಲುಬು ಅರ್ಧ ರಸ್ತೆಯನ್ನೇ ಕತ್ತಲಾಗಿಸಿತಲ್ಲವೆ?

ಹೀಗಿರಲು ಒಬ್ಬರು ದೀಪದ ಸ್ವಿಚ್ಚು ಹಾಕಿ ಕುಳಿತಿರಲಿ, ಇನ್ನೊಬ್ಬರು ಮೀಟರು ಹಿಡಿಯಲಿ. ಮೊದಲು ಬ್ಯಾಟರಿಯ ಸಾಲು: ಚೆನ್ನಾಗಿ ಚಾರ್ಜಾಗಿ ವಿಶ್ರಮಿಸಿದ 48 ವೋಲ್ಟಿನ ಸೀಸದ ಬ್ಯಾಟರಿ ಸುಮಾರು 51 ತೋರಿಸಬೇಕು. ಎರಡನೆಯದು ಕನ್ವರ್ಟರು: ಒಳಗೆ 48ರ ಆಸುಪಾಸು ಬಂದು ಹೊರಗೆ 12 ಬಾರದಿದ್ದರೆ, ದೀಪದ ತಂತಿಗಳನ್ನು ಬಿಡಿಸಿ ಮತ್ತೊಮ್ಮೆ ಅಳೆಯಿರಿ. ಆಗಲೂ ಬಾರದಿದ್ದರೆ ಕನ್ವರ್ಟರು ಕೆಟ್ಟಿದೆ. ಬಂದರೆ ಮುಂದಿನ ತಂತಿಗಳಲ್ಲಿ ತಾಗುವಿಕೆಯಿದೆ, ಅಥವಾ ಕನ್ವರ್ಟರು ಹೊರೆ ಹೊರಲಾರದು. ಮೂರನೆಯದು ಸ್ವಿಚ್ಚು: ಅದರ ಎರಡು ತುದಿಗಳ ನಡುವೆ ಮೀಟರಿಟ್ಟರೆ ಬಹುತೇಕ ಸೊನ್ನೆ ಇರಬೇಕು, ಒಂದು ವೋಲ್ಟೇ ಕಂಡರೂ ಒಳಗೆ ಸುಟ್ಟಿದೆಯೆಂದರ್ಥ. ಕೊನೆಯದು ಬಲ್ಬಿನ ಎರಡು ತಂತಿಗಳ ನಡುವೆ: ಇಲ್ಲಿ 12 ಇದ್ದೂ ಬಲ್ಬು ಉರಿಯದಿದ್ದರೆ ಮಾತ್ರ ಹೊಸ ಬಲ್ಬನ್ನು ಕೊಳ್ಳಿರಿ. ಎಲ್‌ಇಡಿ ದೀಪವಾದರೆ ಧನ ಋಣ ತಂತಿಗಳು ಅದಲುಬದಲಾಗಿಲ್ಲವೆಂಬುದನ್ನೂ ನೋಡಬೇಕು.

ಸ್ಕೂಟರು, ಕಾರುಗಳ ಕೆಲಸ ಬಲ್ಲವರೂ ಎಡವುವ ಒಂದು ಸ್ಥಳವಿದೆ. ಆ ವಾಹನಗಳಲ್ಲಿ ಕಬ್ಬಿಣದ ಚೌಕಟ್ಟೇ ವಿದ್ಯುತ್ತು ಹಿಂದಿರುಗುವ ದಾರಿ. ಬ್ಯಾಟರಿ ಬಂಡಿಗಳಲ್ಲಿ ಸಾಮಾನ್ಯವಾಗಿ ಹಾಗಲ್ಲ. ಋಣ ತುದಿಯನ್ನು ಚೌಕಟ್ಟಿಗೆ ಸೇರಿಸದೆ ಬೇರೆ ತಂತಿಯನ್ನೇ ಎಳೆದಿರುತ್ತಾರೆ. ದೀಪದ ಒಂದು ತಂತಿಯನ್ನು ಚೌಕಟ್ಟಿನ ಬೋಲ್ಟಿಗೆ ಬಿಗಿದರೆ ದೀಪ ಉರಿಯದು. ಬೇರೆಲ್ಲಿಯಾದರೂ ತಂತಿ ಸುಲಿದು ಚೌಕಟ್ಟಿಗೆ ತಾಗಿದ್ದರೆ ಅನರ್ಥವೂ ಆದೀತು. ಇನ್ನೊಂದು ದುರಭ್ಯಾಸವೆಂದರೆ, ಕನ್ವರ್ಟರು ಕೆಟ್ಟಿತೆಂದು ಸಾಲಿನ ಒಂದೇ ಬ್ಯಾಟರಿಯಿಂದ 12 ವೋಲ್ಟನ್ನು ಎಳೆದುಕೊಳ್ಳುವುದು. ಆ ದಿನ ದೀಪವೇನೋ ಉರಿಯುತ್ತದೆ. ಆದರೆ ನಾಲ್ಕು ಎತ್ತುಗಳಲ್ಲಿ ಒಂದಕ್ಕೇ ಎರಡು ಪಾಲಿನ ದುಡಿಮೆಯಾದಂತೆ, ಆ ಬ್ಯಾಟರಿ ಬೇಗ ಬರಿದಾಗುತ್ತ ಬಂದು ಸಾಲನ್ನೆಲ್ಲ ಕುಂದಿಸುತ್ತದೆ. ಕನ್ವರ್ಟರಿನ ಬೆಲೆ ಉಳಿಸಲು ಹೋಗಿ ಬ್ಯಾಟರಿಗಳ ಬೆಲೆ ತೆರಬೇಕಾಗುವುದು.

ನಮ್ಮ ಈ ಸೀಮೆ ಮಳೆ ಕಡಮೆಯಾದ ಬಯಲು; ಬೇಸಿಗೆಯ ಬಿಸಿಲಿಗೆ ತಂತಿಯ ಹೊದಿಕೆ ಬಿರಿಯುತ್ತದೆ, ಧೂಳು ಕೀಲುಗಳೊಳಗೆ ಸೇರುತ್ತದೆ. ಶೇಂಗಾ ಚೀಲಗಳಿರುವಲ್ಲಿ ಇಲಿಗಳು ಬಂದು ತಂತಿಯನ್ನೂ ಕಡಿಯುತ್ತವೆ. ಆಯುಧಪೂಜೆಯ ದಿನ ಕೊಡಗಟ್ಟಲೆ ನೀರು ಹೊಯ್ದು ತೊಳೆದ ಬಂಡಿಯಲ್ಲಿ ಮಾಸಾರ್ಧದಲ್ಲೇ ಕಿಲುಬು ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ದೀಪ, ಸ್ವಿಚ್ಚುಗಳ ಭಾಗವನ್ನು ಒದ್ದೆಬಟ್ಟೆಯಿಂದ ಒರಸಿದರೆ ಸಾಕು. ತಿಂಗಳಿಗೊಮ್ಮೆ ಕೀಲುಗಳನ್ನು ಬಿಗಿದು, ಕಿಲುಬನ್ನು ಉಜ್ಜಿ, ಬ್ಯಾಟರಿಯ ತುದಿಗಳಿಗೆ ವ್ಯಾಸಲೀನು ಸವರಬೇಕು. ಫಾಲ್ಗುಣ ಮಾಸದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಜನವನ್ನು ಕೂಡಿಸಿಕೊಂಡು ಹೊರಡುವವರು ಹಗಲಿನಲ್ಲಿಯೇ ಹಿಂದುಮುಂದಿನ ದೀಪಗಳನ್ನು ಉರಿಸಿ ನೋಡಿಕೊಳ್ಳಲಿ.

ಇಷ್ಟಾದರೂ ದೋಷ ಸಿಕ್ಕದಿದ್ದರೆ ಮೆಕ್ಯಾನಿಕ್ಕಿನ ಬಳಿಗೆ ಹೋಗುವುದೇ ಸರಿ. ಆದರೆ ಬರಿಗೈಯಲ್ಲಿ ಹೋಗಬೇಡಿರಿ. ಎಲ್ಲೆಲ್ಲಿ ಎಷ್ಟು ವೋಲ್ಟು ಬಂತೆಂಬುದನ್ನು, ದೀಪ ಹಾಕಿದಾಗ ಮತ್ತು ಆರಿಸಿದಾಗ ಎಂದು ಬೇರೆಬೇರೆಯಾಗಿ, ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಅರ್ಧ ಕೆಲಸ ನೀವೇ ಮಾಡಿಕೊಟ್ಟಂತಾಗುವುದು. ಬೇಡದ ಸಾಮಾನಿಗೆ ದುಡ್ಡು ತೆರುವ ಪ್ರಸಂಗವೂ ತಪ್ಪುವುದು. ಅಲ್ಲಿಯವರೆಗೆ ಕತ್ತಲಾದ ಮೇಲೆ ಬಂಡಿ ಅಂಗಳದಲ್ಲಿಯೇ ನಿಂತಿರಲಿ.